ಆ ಗಮ್ಮಿ ನಮ್ಮ ಅಂಗಡಿಯದಲ್ಲ

ಆಸ್ಟಿನ್ ಬಳಿಯ ಟೇಲರ್ ಎಂಬ ಊರಿಗೆ ಹೋಗುವ ಹೆದ್ದಾರಿಯ ಪಕ್ಕದಲ್ಲಿ ನಮ್ಮದೊಂದು ಗ್ಯಾಸ್ ಸ್ಟೇಷನ್, ಅದಕ್ಕೆ ಅಂಟಿಕೊಂಡಂತೆ ಅಂಗಡಿ. ಒಂದು ಶುಕ್ರವಾರ ಮಧ್ಯಾಹ್ನ ಅಲ್ಲಿ ಒಬ್ಬ ಗಿರಾಕಿ ನನ್ನ ಕಣ್ಣೆದುರೇ ನನ್ನ ಗಂಡನ ದವಡೆ ಮುರಿದ. ನಾನು ಅವನ ಮಣಿಕಟ್ಟು ಮುರಿದೆ. ಅವನೇನು ಮುಖ ಮುಚ್ಚಿಕೊಂಡು ಬಂದ ಕಳ್ಳನಲ್ಲ. ಬೆಳಿಗ್ಗೆ ನನ್ನ ಕೈಯಿಂದ ಕಾಫಿ ತೆಗೆದುಕೊಂಡು, ‘ಥ್ಯಾಂಕ್ಯೂ ಮ್ಯಾಮ್’ ಎಂದು ಹೋಗುತ್ತಿದ್ದವನು.

ಟೇಲರ್‌ನಲ್ಲಿ ಏಳುತ್ತಿದ್ದ ದೊಡ್ಡ ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ ಅವನು ವೆಲ್ಡರ್. ಐವತ್ತರ ಆಸುಪಾಸು, ಅಗಲ ಭುಜ, ತಗ್ಗಿದ ದನಿ. ಬಲಭುಜ ಮಾತ್ರ ಸದಾ ನೋಯುತ್ತಿತ್ತು; ಕಾಫಿ ಲೋಟವನ್ನು ಎಡಗೈಯಲ್ಲೇ ಹಿಡಿಯುತ್ತಿದ್ದ.

ಕೌಂಟರಿನ ಹಿಂದೆ ಒಂದು ಗಾಜಿನ ಶೆಲ್ಫು. ನನ್ನ ಗಂಡ ಮೊದಲ ಸಲ ಅದರಲ್ಲಿ ಹೆಂಪ್ ಸಾಮಾನು ಜೋಡಿಸಿದಾಗ ಹುಬ್ಬಳ್ಳಿಯಲ್ಲಿರುವ ಅವ್ವನಿಗೆ ಫೋನಿನಲ್ಲಿ ಹೇಳಿದ್ದೆ.

“ಗಾಂಜಾ ಮಾರಾಕ ಅಷ್ಟು ದೂರ ಹೋಗಬೇಕಿತ್ತೇನವಾ?” ಎಂದಳು.

“ಗಾಂಜಾ ಅಲ್ಲವ್ವಾ, ಹೆಂಪ್. ಅದ ಜಾತಿ ಗಿಡ, ನಶಾ ಕಡಿಮಿ.”

“ಅದ ಜಾತಿ ಅಂದಮ್ಯಾಲೆ ಅದ ಅಲ್ಲೇನು?”

ಅವ್ವನಿಗೆ ಉತ್ತರ ಕೊಡಲೆಂದೇ ನಾನು ಆ ಶೆಲ್ಫನ್ನು ಓದಿಕೊಂಡೆ. ಹೆಂಪಿನಿಂದ ತೆಗೆದ ಸಿಬಿಡಿ ಎಣ್ಣೆ ತಲೆಗೆ ಏರುವುದಿಲ್ಲ. ಮಂಡಿನೋವಿನವರು, ನಿದ್ದೆ ಬಾರದವರು ಒಯ್ಯುತ್ತಾರೆ. ಅದನ್ನೇ ಲ್ಯಾಬಿನಲ್ಲಿ ಮಾರ್ಪಡಿಸಿದರೆ ಡೆಲ್ಟಾ ಎಂಟು, ಹಗುರ ನಶೆ. ಡೆಲ್ಟಾ ಒಂಬತ್ತು ಎಂದರೆ ಗಾಂಜಾದ ಅಸಲಿ ನಶೆಯೇ. ಒಟ್ಟು ತೂಕದಲ್ಲಿ ಅದರ ಪಾಲು ತೀರ ಕಡಿಮೆಯಿದ್ದರೆ ಕಾನೂನು ಬಿಡುತ್ತದೆ, ಆದರೆ ಗಮ್ಮಿ, ಅಂದರೆ ಅದನ್ನು ಬೆರೆಸಿದ ಜಗಿಯುವ ಮಿಠಾಯಿ, ದಪ್ಪಗಿದ್ದರೆ ಆ ಚೂರುಪಾಲೇ ತಲೆ ತಿರುಗಿಸಲು ಸಾಕು. ಇನ್ನು ಟಿಎಚ್‌ಸಿಎ ಹೂವು. ಜಾಡಿಯಲ್ಲಿರುವಷ್ಟು ಹೊತ್ತು ಅದು ಹೆಂಪ್, ಬೆಂಕಿ ತಾಗಿದೊಡನೆ ಗಾಂಜಾ. ಕಾನೂನಿನ ಸುದ್ದಿ ಬಂದಾಗಲೆಲ್ಲ ನನ್ನ ಗಂಡ ಒಂದು ಜಾಡಿ ಇಳಿಸುತ್ತಿದ್ದರು, ಇನ್ನೊಂದು ಏರಿಸುತ್ತಿದ್ದರು. ಅವ್ವ ಕೇಳಿದ್ದು ಸರಿಯಾಗಿಯೇ ಇತ್ತು.

ಒಂದು ದಿನ ವೆಲ್ಡರ್ ಆ ಶೆಲ್ಫಿನ ಮುಂದೆ ನಿಂತ. ರಾತ್ರಿ ನಿದ್ದೆಯಿಲ್ಲ, ಕೆಲಸದಲ್ಲಿ ಯಾವಾಗ ಬೇಕಾದರೂ ಮೂತ್ರ ಪರೀಕ್ಷೆ ಮಾಡುತ್ತಾರೆ ಎಂದ. “ಟೆಸ್ಟಿನಲ್ಲಿ ಸಿಕ್ಕಿಬೀಳದಂಥದ್ದು ಯಾವುದಿದೆ?”

“ಟೆಸ್ಟ್ ಇದ್ದರೆ ಇದರಲ್ಲಿ ಯಾವುದೂ ಬೇಡ,” ಎಂದೆ.

“ಎಲ್ಲ ಲೀಗಲ್ ಅಂತಾರಲ್ಲ?”

“ಲೀಗಲ್ ಹೌದು. ಆದರೆ ಟೆಸ್ಟು ಅದನ್ನೆಲ್ಲ ಕೇಳುವುದಿಲ್ಲ. ಸಿಬಿಡಿ ಎಣ್ಣೆಯಲ್ಲೂ ನಶೆಯ ಅಂಶ ಒಂದಿಷ್ಟು ಉಳಿದಿರಬಹುದು.”

ಅವನು ನಕ್ಕು ಬರೀ ನೋವಿನ ಮುಲಾಮು ತೆಗೆದುಕೊಂಡು ಹೋದ. ಆಮೇಲೆ ಕೆಲವು ವಾರ ಕಾಣಲಿಲ್ಲ.

ಆ ಶುಕ್ರವಾರ ಬಂದಾಗ ಅವನ ನೋವಿನ ಬಲಗೈಯಲ್ಲೇ ಟೈರು ಬಿಚ್ಚುವ ಕಬ್ಬಿಣದ ರಾಡಿತ್ತು. ಎಡಗೈಯಿಂದ ಒಂದು ಗಮ್ಮಿ ಪ್ಯಾಕೆಟ್ ನನ್ನ ಎದೆಗೆ ಎಸೆದ.

“ಓದು! ಸಿಬಿಡಿ ಅಂತಿದೆ. ಇದನ್ನು ತಿಂದಿದ್ದಕ್ಕೆ ಟೆಸ್ಟಿನಲ್ಲಿ ಸಿಕ್ಕಿಬಿದ್ದೆ, ಗೇಟಿನಲ್ಲೇ ನನ್ನ ಬ್ಯಾಜ್ ಕಿತ್ತುಕೊಂಡರು. ಇನ್ನು ಯಾವ ಸೈಟಿನವರೂ ನನ್ನನ್ನು ಒಳಗೆ ಬಿಡುವುದಿಲ್ಲ.”

ಪ್ಯಾಕೆಟ್ ತಿರುಗಿಸಿದೆ. ಹಿಂಬದಿಯಲ್ಲಿ ಸಾಸಿವೆಯಷ್ಟು ಅಕ್ಷರದಲ್ಲಿ ಡೆಲ್ಟಾ ಎಂಟು ಎಂದಿತ್ತು. ನಾವು ಆ ಕಂಪನಿಯ ಸಾಮಾನು ತರಿಸುತ್ತಲೇ ಇರಲಿಲ್ಲ.

“ಇದು ನಮ್ಮ ಅಂಗಡಿಯದಲ್ಲ,” ಎಂದೆ.

ರಾಡು ಶೆಲ್ಫಿಗೆ ಬಿತ್ತು. ಗಾಜಿನ ಚೂರು ನನ್ನ ಕೂದಲಿಗೆ, ಕೊರಳಿಗೆ ಸಿಡಿಯಿತು. ಎಣ್ಣೆ ಬಾಟಲಿಗಳು ಒಡೆದು ಹಸಿ ಹುಲ್ಲಿನ ವಾಸನೆ ಗಪ್ಪನೆ ಎದ್ದಿತು. “ನೀವೆಲ್ಲ ಒಂದೇ! ವಿಷ ಮಾರುವವರು!” ಎಂದು ಕೂಗುತ್ತ ಎರಡನೆಯ ಏಟಿಗೆ ಕೌಂಟರಿನ ಗಾಜು ಒಡೆದ. ನಾನು ಗೋಡೆಗೆ ಆತುಕೊಂಡೆ.

ಹಿಂದಿನ ಕೂಲರ್ ಕೋಣೆಯಿಂದ ನನ್ನ ಗಂಡ ಹಾಲಿನ ಪ್ಲಾಸ್ಟಿಕ್ ಕ್ಯಾನ್ ಹಿಡಿದು ಓಡಿಬಂದರು. “ಏನಾತು? ಏನದು?” ಎಂದರು. ಅಷ್ಟೇ. ರಾಡು ಅವರ ದವಡೆಗೆ ಬಡಿಯಿತು. ಒಣ ಕಬ್ಬು ಮುರಿದಂಥ ಸದ್ದು. ಅವರು ಬಿದ್ದರು, ಕ್ಯಾನ್ ಒಡೆಯಿತು, ಹಾಲಿನಲ್ಲಿ ರಕ್ತ ಹರಡಿತು. ಅವನು ಬೂಟುಗಾಲಿನಿಂದ ಅವರ ಪಕ್ಕೆಗೆ ಒದ್ದ. ಮತ್ತೆ ಒದ್ದ.

ಕೌಂಟರಿನ ಕೆಳಗೆ ನನ್ನ ಗಂಡನ ಕ್ರಿಕೆಟ್ ಬ್ಯಾಟ್ ಇತ್ತು; ಭಾನುವಾರದ ಮ್ಯಾಚಿನದು. ಅದು ನನ್ನ ಕೈಗೆ ಹೇಗೆ ಬಂತೋ ನೆನಪಿಲ್ಲ. ಅವನು ಮತ್ತೆ ರಾಡು ಎತ್ತಿದಾಗ ಮಣಿಕಟ್ಟಿಗೆ ಹೊಡೆದೆ. ಮೂಳೆ ಕುಸಿದದ್ದು ಬ್ಯಾಟಿನ ಹಿಡಿಯೊಳಗೆ ನನಗೆ ತಿಳಿಯಿತು. ರಾಡು ಬಿತ್ತು. ಅವನು ಮಂಡಿಯೂರಿದ. ನಾನು ಬ್ಯಾಟನ್ನು ಅವನ ತಲೆಯ ಮೇಲೆ ಎತ್ತಿದೆ.

ನೆಲದಿಂದ ನನ್ನ ಗಂಡ ಏನೋ ಅಂದರು. ಮುರಿದ ಬಾಯಿಂದ ಬಂದದ್ದು ಮಾತಾಗಿರಲಿಲ್ಲ. ಆದರೂ ‘ಬ್ಯಾಡ’ ಎಂದದ್ದು ತಿಳಿಯಿತು. ಅವನು ಎಡಗೈಯಿಂದ ತಲೆ ಮುಚ್ಚಿಕೊಂಡು ಕಣ್ಣು ಮುಚ್ಚಿದ್ದ. ನನ್ನ ಕೈ ಕೆಳಗಿಳಿಯಲಿಲ್ಲ, ಬ್ಯಾಟನ್ನು ಬಿಡಲೂ ಇಲ್ಲ. ಹೊಡೆಯಬೇಕು ಎಂಬ ಆಸೆ ಹಸಿವಿನ ಹಾಗಿತ್ತು.

ಹೊರಗೆ ಪೆಟ್ರೋಲ್ ಹಾಕಿಕೊಳ್ಳುತ್ತಿದ್ದ ಯಾರೋ ಪೊಲೀಸರಿಗೆ ಫೋನ್ ಮಾಡಿದ್ದರು. ಒಳಗೆ ಬಂದ ಅಧಿಕಾರಿಗೆ ಮೊದಲು ಕಂಡದ್ದು ನೆಲದಲ್ಲಿದ್ದ ಇಬ್ಬರು ಗಂಡಸರು, ಬ್ಯಾಟ್ ಎತ್ತಿ ನಿಂತ ನಾನು. ಅವನ ಪಿಸ್ತೂಲು ನನ್ನ ಕಡೆ ತಿರುಗಿತು.

“ಕೆಳಗಿಡು! ಈಗಲೇ!”

ಇಟ್ಟೆ. ಕೈ ಮೇಲೆತ್ತಿದೆ. ನನ್ನನ್ನೂ ಗೋಡೆಗೆ ಮುಖ ಮಾಡಿಸಿ ನಿಲ್ಲಿಸಿದರು. ಕ್ಯಾಮೆರಾ ನೋಡಿದ ಮೇಲೆ ಬಿಟ್ಟರು. ನನ್ನ ಗಂಡನನ್ನು ಸ್ಟ್ರೆಚರಿಗೆ ಏರಿಸುತ್ತಿದ್ದಾಗ ಇನ್ನೊಬ್ಬ ಅಧಿಕಾರಿ ಒಡೆದ ಜಾಡಿಯಿಂದ ಹೂವಿನ ಮೊಗ್ಗೊಂದನ್ನು ಎತ್ತಿ, “ಇದು ಗಾಂಜಾ ತಾನೆ?” ಎಂದು ಕೇಳಿದ. ಕೂದಲಲ್ಲಿ ಗಾಜು ಇಟ್ಟುಕೊಂಡೇ ನಾನು ಅವನಿಗೂ ಆ ಶೆಲ್ಫಿನ ಪಾಠ ಹೇಳಿದೆ: ಇದು ಸಿಬಿಡಿ, ಇದು ಡೆಲ್ಟಾ ಎಂಟು, ನಿಮ್ಮ ಕೈಯಲ್ಲಿರುವುದು ಟಿಎಚ್‌ಸಿಎ ಹೂವು. ಆಂಬ್ಯುಲೆನ್ಸಿನ ಬಾಗಿಲು ಮುಚ್ಚಿದ ಸದ್ದು ಕೇಳಿದಾಗ ಅವನನ್ನು ಅಲ್ಲೇ ಬಿಟ್ಟು ಓಡಿದೆ.

ಆಸ್ಟಿನ್‌ನ ಆಸ್ಪತ್ರೆಯಲ್ಲಿ ದವಡೆಗೆ ತಂತಿ ಕಟ್ಟಿದರು. ಪಕ್ಕೆಲುಬೂ ಬಿರಿದಿತ್ತು. ಇರ್ವಿಂಗ್ ಊರಿನಿಂದ ಭಾವ, ನನ್ನ ಗಂಡನ ಅಣ್ಣ, ಡ್ರೈವ್ ಮಾಡಿಕೊಂಡು ಬಂದರು.

“ಕೌಂಟರಿನ್ಯಾಗ ಒಂದು ಪಿಸ್ತೂಲ್ ಇಡ್ರಿ. ಈ ಊರಾಗ ಬ್ಯಾಟ್ ನಡ್ಯೂದಿಲ್ಲ,” ಎಂದರು.

“ಬ್ಯಾಡ್ರಿ, ಭಾವಾ. ಅವತ್ತು ಅದು ಕೈಯಾಗ ಇದ್ದಿದ್ರ ನಾ ಅವನ್ನ ಕೊಂದಬಿಡ್ತಿದ್ದೆ.”

“ಕೊಂದಿದ್ರ ಏನಾಗ್ತಿತ್ತು? ತಪ್ಪು ಅವಂದು.”

ನನ್ನ ಗಂಡ ಮಂಚದ ಮೇಲಿಂದಲೇ ಬೆರಳಾಡಿಸಿ ಬೇಡವೆಂದರು. ಆ ಮಾತು ಅಲ್ಲಿಗೆ ನಿಂತಿತು.

ಕೋರ್ಟಿನಲ್ಲಿ ವೆಲ್ಡರ್ ತಪ್ಪೊಪ್ಪಿಕೊಂಡ. ಬಲಗೈಗೆ ಇನ್ನೂ ಕಟ್ಟು ಇತ್ತು, ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ನನ್ನನ್ನು ಮಾತಾಡಲು ಕರೆದರು. ಅವನು ನನ್ನ ಗಂಡನನ್ನು ಹೇಗೆ ಒದ್ದನೆಂದು ಹೇಳಿದೆ, ಒಂದೂ ಬಿಡದೆ. ಆ ಪ್ಯಾಕೆಟ್ ಅವನಿಗೆ ಸುಳ್ಳು ಹೇಳಿತ್ತು ಎಂದೂ ಹೇಳಿದೆ. ಅವನು ಆಗ ತಲೆಯೆತ್ತಿ ನೋಡಿದ. ನನಗೆ ಕನಿಕರ ಬರಲಿಲ್ಲ. ಆ ಮುಖಕ್ಕೆ ಇನ್ನೊಮ್ಮೆ ಹೊಡೆಯಬೇಕೆನಿಸಿತು. ಅವನು ಜೈಲಿಗೆ ಹೋದ.

ಗಾಜಿನ ಶೆಲ್ಫನ್ನು ನಾವು ಮತ್ತೆ ಕಟ್ಟಿಸಲಿಲ್ಲ. ಆ ಜಾಗದಲ್ಲಿ ಈಗ ಚಿಪ್ಸು, ಬ್ಯಾಟರಿ ಇಟ್ಟಿದ್ದೇವೆ. ‘ಗಮ್ಮಿ ಇಲ್ಲವೇ?’ ಎಂದು ಬಯ್ದುಕೊಂಡು ಹೋಗುವವರೂ ಇದ್ದಾರೆ. ಯಾರಾದರೂ ದನಿ ಏರಿಸಿದರೆ ನನ್ನ ಕೈ ಕೌಂಟರಿನ ಕೆಳಗೆ ತಾನಾಗಿಯೇ ಹೋಗುತ್ತದೆ. ನನ್ನ ಗಂಡನ ದವಡೆ ಕೂಡಿಕೊಂಡಿದೆ, ಸ್ವಲ್ಪ ಓರೆಯಾಗಿ. ಜೋಳದ ರೊಟ್ಟಿ ಅಗಿಯುವಾಗ ಟಿಕ್ ಎನ್ನುತ್ತದೆ. “ಕೇಳಸ್ತದೇನು?” ಎಂದು ಕೇಳುತ್ತಾರೆ. ಇಲ್ಲ ಎನ್ನುತ್ತೇನೆ.