ತಟ್ಟೆಗೆ ಅಡ್ಡ ಹಿಡಿದ ಕೈ

ಆ ಬೇಸಿಗೆಯಿಡೀ ಅಮೆರಿಕದ ನಮ್ಮ ಡಬ್ಲಿನ್ ಮನೆಯ ಗ್ಯಾರೇಜಿನಲ್ಲಿ ಕಾರು ನಿಲ್ಲಲಿಲ್ಲ. ಕಾರಿನ ಜಾಗದಲ್ಲಿ ಕಂಪ್ಯೂಟರುಗಳಿದ್ದವು. ಬೆನ್ನು ಡುಬ್ಬದ ಹಾಗೆ ಉಬ್ಬಿದ ಹಳೇ ಮಾನಿಟರುಗಳು ಒಂದರ ಮೇಲೊಂದು ಸೂರು ಮುಟ್ಟುವಷ್ಟು ಎತ್ತರಕ್ಕೆ ಕೂತಿದ್ದವು. ಡಾಟ್-ಕಾಮ್ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲ ಅದು. ಮೊನ್ನೆ ಮೊನ್ನೆ ಪಾರ್ಟಿ ಮಾಡಿ ಟೀ ಶರ್ಟು ಹಂಚಿದ ಆಫೀಸುಗಳು ಇವತ್ತು ಖಾಲಿ. ಒಳಗಿದ್ದ ಕಂಪ್ಯೂಟರುಗಳನ್ನು ಯಾರು ಬೇಕಾದರೂ ಎತ್ತಿಕೊಂಡು ಹೋಗಿ ಎನ್ನುತ್ತಿದ್ದರು. ಆ ಮಾನಿಟರುಗಳನ್ನು ಸುಮ್ಮನೆ ಕಸಕ್ಕೆ ಹಾಕುವ ಹಾಗಿರಲಿಲ್ಲ, ಎಸೆಯುವುದಕ್ಕೂ ದುಡ್ಡು ಕಟ್ಟಬೇಕಿತ್ತು. ಆಗ ನಮ್ಮ ಕನ್ನಡ ಬಳಗಕ್ಕೆ ಆಫ್ರಿಕಾ ನೆನಪಾಯಿತು.

ಆಫ್ರಿಕಾ ಎಂದರೆ ಎಲ್ಲಿ, ಯಾವ ದೇಶ ಎಂದು ಬ್ಯಾನರಿನಲ್ಲಿ ಬರೆದಿರಲಿಲ್ಲ. 'ಆಫ್ರಿಕಾದ ಮಕ್ಕಳಿಗೆ ವಿದ್ಯಾದಾನ' ಎಂದಷ್ಟೇ ಇತ್ತು. ದೇಶ ಮಲಾವಿ. ಅಲ್ಲಿನ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿಯ ಪರಿಚಯ ಬಳಗದ ಒಬ್ಬರಿಗೆ ಆಫೀಸಿನ ಗೆಳೆಯರ ಮೂಲಕ ಆಗಿತ್ತು. ಬೇರೊಂದು ಸಂಸ್ಥೆಯ ಕಂಟೇನರು ಆ ಕಡೆ ಹೋಗುವುದಿತ್ತು, ಅದರಲ್ಲಿ ನಮಗೂ ಜಾಗ ಸಿಕ್ಕಿತು. ಬಳಗದ ಅಧ್ಯಕ್ಷರು ಕ್ಯುಪರ್ಟಿನೋದವರು. ಒಳ್ಳೆಯ ಮನುಷ್ಯ. ಅವರ ಮನೆಗೆ ಹೋದರೆ ಹೊಟ್ಟೆ ಬಿರಿಯುವವರೆಗೂ ಬಿಡುತ್ತಿರಲಿಲ್ಲ. ನನ್ನ ಗಂಡ ಕಾರ್ಯದರ್ಶಿ. ನಾನು ಡಿಪೆಂಡೆಂಟ್ ವೀಸಾದವಳು. ಮದುವೆಗೆ ಮುಂಚೆ ಮಂಡ್ಯದ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಒಂದನೇ ತರಗತಿಗೆ ಪಾಠ ಮಾಡುತ್ತಿದ್ದವಳಿಗೆ ಇಲ್ಲಿ ಕೆಲಸ ಮಾಡಲು ಅನುಮತಿ ಇರಲಿಲ್ಲ. ಗ್ಯಾರೇಜು ಬಿಟ್ಟುಕೊಡುವುದಕ್ಕೆ, ಅತಿಥಿಗಳಿಗೆ ಅಡಿಗೆ ಮಾಡುವುದಕ್ಕೆ, ಹಬ್ಬದ ಕಾರ್ಯಕ್ರಮದಲ್ಲಿ ಮೈಕು ಹಿಡಿದು ನಿರೂಪಣೆ ಮಾಡುವುದಕ್ಕೆ ಮಾತ್ರ ಯಾರ ಅನುಮತಿಯೂ ಬೇಕಿರಲಿಲ್ಲ. ನನಗೆ ಇದರ ಮೇಲೆ ಸಿಟ್ಟಿತ್ತು, ಈಗಲೂ ಇದೆ.

ಆ ಮುಖ್ಯೋಪಾಧ್ಯಾಯಿನಿ ಯಾವುದೋ ತರಬೇತಿಗೆಂದು ಬೇ ಏರಿಯಾಕ್ಕೆ ಬಂದಿದ್ದರು. ಬಿಟ್ಟೇವೆಯೆ? ಗಣೇಶನ ಹಬ್ಬದ ಕಾರ್ಯಕ್ರಮದಲ್ಲಿ ಅವರಿಗೆ ಸನ್ಮಾನ ಎಂದು ನಿಗದಿಯಾಯಿತು. ವಾರದ ಕೊನೆಗೆ ಉಳಿದುಕೊಳ್ಳಲು ನಮ್ಮ ಮನೆ.

ಬಂದ ದಿನ ನಾನು ಮುದ್ದೆ ಮಾಡಿದ್ದೆ. ಹೊರಗಿನ ಅತಿಥಿಗೆ ಮುದ್ದೆ ಹಾಕುತ್ತೀಯಲ್ಲ ಎಂದು ಗಂಡ ಗೊಣಗಿದರು. ಆಕೆ ಮುದ್ದೆಯನ್ನು ಕಂಡವರೇ ನಕ್ಕುಬಿಟ್ಟರು. ಅವರೂರಲ್ಲಿ ಮುಸುಕಿನ ಜೋಳದ ಹಿಟ್ಟಿನಲ್ಲಿ ಇಂಥದ್ದನ್ನೇ ದಿನಾ ಮಾಡುತ್ತಾರಂತೆ. ಚೂರು ಮುರಿದು, ಬೆರಳಲ್ಲಿ ಗುಳಿ ಮಾಡಿ, ಸೊಪ್ಪಿನ ಸಾರಿಗೆ ಅದ್ದಿ ಉಣ್ಣುತ್ತಿದ್ದದ್ದನ್ನು ನನ್ನ ಮಗಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ಅವಳಿಗೆ ಮುದ್ದೆ ಕಂಡರೆ ಆಗದು. ಅವತ್ತು ಮಾತ್ರ ಅರ್ಧ ತಿಂದಳು.

ಎರಡನೇ ಮುದ್ದೆ ತಂದಾಗ ಆಕೆ ತಟ್ಟೆಗೆ ಅಡ್ಡ ಕೈ ಹಿಡಿದು ಬೇಡ ಎಂದರು. ನಾನು ನಮ್ಮಮ್ಮ ಮಾಡುತ್ತಿದ್ದ ಹಾಗೇ ಆ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಮುದ್ದೆ ಹಾಕಿದೆ. ಆಕೆ ಮುದ್ದೆಯನ್ನು ನೋಡಿದರು, ನನ್ನನ್ನು ನೋಡಿದರು.

"ನಾನು ಬೇಡ ಅಂದೆನಲ್ಲ?" ಎಂದರು ಇಂಗ್ಲಿಷಿನಲ್ಲಿ.

ನಾನು ವಿವರಿಸಿದೆ. ನಮ್ಮಲ್ಲಿ ನೆಂಟರು ಬೇಡ ಎನ್ನಬೇಕು, ಮನೆಯವರು ಬಡಿಸಬೇಕು. ಕೇಳಿದ ಕೂಡಲೇ ಹಾಕಿ ಎಂದವರು ಹೊಟ್ಟೆಬಾಕರು, ಬೇಡ ಎಂದ ಕೂಡಲೇ ಪಾತ್ರೆ ಎತ್ತಿಕೊಂಡು ಹೋದವರು ಜಿಪುಣರು. ಬೇಡ ಎನ್ನುವುದು ಬರೀ ಸಂಕೋಚಕ್ಕೆ.

ಆಕೆ ಜೋರಾಗಿ ನಕ್ಕರು. ನಗುತ್ತಿದ್ದವರು ತಟ್ಟನೆ ನಿಲ್ಲಿಸಿದರು. "ಅದಕ್ಕೇ!" ಎಂದರು. "ನಿಮ್ಮವರಿಗೆ ಫೋನಿನಲ್ಲಿ ಪ್ರತಿ ಸಲವೂ ಹೇಳಿದೆ, ಕಂಪ್ಯೂಟರ್ ಬೇಡ ಅಂತ. ನಾನು ಬೇಡ ಅಂದ ಹಾಗೆಲ್ಲ ಇನ್ನಷ್ಟು ಕಳಿಸುತ್ತೇವೆ ಅಂದರು."

ಮುದ್ದೆ ತಣ್ಣಗಾಗುತ್ತಿರುವಂತೆಯೇ ಆಕೆ ಎಲ್ಲ ಹೇಳಿದರು. ಅವರ ಶಾಲೆಯಲ್ಲಿ ಬಾಗಿಲು, ಬೀಗ, ಗಟ್ಟಿ ಸೂರು ಇದ್ದದ್ದು ಎರಡೇ ಕೋಣೆಗೆ. ಹಿಂದೆ ಇನ್ಯಾವುದೋ ದೇಶದವರು ಕಂಪ್ಯೂಟರು ಕೊಟ್ಟಾಗ ಒಂದು ಕೋಣೆ ಅವಕ್ಕೆ ಹೋಯಿತು. ಊರಿಗೆ ಕರೆಂಟೇ ಇಲ್ಲ. ಆದರೂ ಹೊರಗಿನಿಂದ ಬಂದ ಸಾಮಾನು ಬೀಗದೊಳಗೆ ಇರಬೇಕು ಎಂದು ಮೇಲಿನವರ ಅಪ್ಪಣೆ. ಕಂಪ್ಯೂಟರುಗಳು ಕೋಣೆಯಲ್ಲಿ, ಎರಡನೇ ತರಗತಿ ಮಾವಿನ ಮರದ ಕೆಳಗೆ. ಉಳಿದ ಒಂದು ಕೋಣೆಯಲ್ಲಿ ಒಂದನೇ ತರಗತಿ ಕೂರುತ್ತದೆ. ನಮ್ಮ ಕಂಪ್ಯೂಟರು ಹೋದರೆ ಅದೂ ಹೊರಗೆ. ಮಳೆಗಾಲ ಶುರುವಾದರೆ ಮರದ ಕೆಳಗಿನ ತರಗತಿಗೆ ಮಕ್ಕಳು ಬರುವುದಿಲ್ಲ, ಒಂದು ಮಳೆಗಾಲ ತಪ್ಪಿಸಿಕೊಂಡ ಚಿಕ್ಕ ಮಕ್ಕಳು ಆಮೇಲೆ ಶಾಲೆಯ ಕಡೆ ತಲೆಯೇ ಹಾಕುವುದಿಲ್ಲ, ಅದರಲ್ಲೂ ಹೆಣ್ಣುಮಕ್ಕಳು ಎಂದರು.

"ಬೇಡ ಅಂತ ಬರೆದುಕೊಡಬಾರದೆ?"

"ನನ್ನ ಮೇಲಿನವರು ಆಗಲೇ ಖುಷಿಯಿಂದ ಒಪ್ಪಿದ್ದಾರೆ. ಕೊಡುವವರು ನಿಲ್ಲಿಸಿದರೆ ಮಾತ್ರ ನಿಲ್ಲುತ್ತದೆ. ನನಗೆ ಬೇಕಾದ್ದು ಉಳಿದಿರುವ ಆ ಒಂದು ಕೋಣೆ ಅಷ್ಟೇ, ಅದು ಈಗ ನನ್ನ ಹತ್ತಿರ ಇದೆ."

ನನಗೆ ನಮ್ಮ ಶಾಲೆಯ ರೇಡಿಯೊ ನೆನಪಾಯಿತು. ನಾನು ಓದುವಾಗ ಯಾರೋ ದೊಡ್ಡವರು ಕೊಟ್ಟದ್ದು ಅದು. ಹೆಡ್ ಮೇಷ್ಟರ ಬೀರುವಿನಲ್ಲಿ ಟವಲು ಹೊದ್ದುಕೊಂಡು ಮಲಗಿರುತ್ತಿತ್ತು. ಇನ್ಸ್‌ಪೆಕ್ಟರು ಬಂದ ದಿನ ಹೊರಗೆ ಬಂದು, ಕೊರಕೊರ ಎಂದು, ಮತ್ತೆ ಒಳಗೆ ಹೋಗುತ್ತಿತ್ತು. ಅದೇ ಶಾಲೆಯಲ್ಲಿ ಅಮೆರಿಕದ ಗೋಧಿಯ ಹಳದಿ ಉಪ್ಪಿಟ್ಟನ್ನೂ ತಿಂದಿದ್ದೇನೆ, ಇನ್ನಷ್ಟು ಹಾಕಿ ಎಂದು ತಟ್ಟೆ ಚಾಚಿದ್ದೇನೆ. ಹಸಿವಾಗಿತ್ತು, ಚಾಚಿದೆವು. ಬೇಕಾದ್ದನ್ನು ಕೊಟ್ಟರೆ ಯಾವ ಮಗುವೂ ಸಂಕೋಚ ಪಡುವುದಿಲ್ಲ. ನಾಳೆ ವೇದಿಕೆಯ ಮೇಲೆ ಇದನ್ನೆಲ್ಲ ನೀವೇ ಹೇಳಿ, ಮೈಕು ನನ್ನ ಕೈಯಲ್ಲಿರುತ್ತದೆ ಎಂದು ಆಕೆಗೆ ಧೈರ್ಯ ಕೊಟ್ಟೆ.

ನಮ್ಮ ಸನ್ಮಾನ ಹೇಗೆ ನಡೆಯುತ್ತದೆ ಎಂದು ಆಕೆಗೆ ಹೇಳಿರಲಿಲ್ಲ. ಪ್ರಾರ್ಥನೆ, ದೀಪ, ಸ್ವಾಗತ, ಸ್ವಾಗತದವರಿಗೆ ಸ್ವಾಗತ. ಆಮೇಲೆ ಹಾರ, ಶಾಲು, ಹಣ್ಣಿನ ಬುಟ್ಟಿ, ಕೊನೆಗೆ ಮೈಸೂರು ಪೇಟ. ಪೇಟ ದೊಡ್ಡದಾಗಿ ಆಕೆಯ ಹುಬ್ಬಿನವರೆಗೆ ಇಳಿಯಿತು. ಅಧ್ಯಕ್ಷರು ವಿದ್ಯಾದಾನದ ಮೇಲೆ ಮಾತಾಡಿದ್ದೇ ಮಾತಾಡಿದ್ದು. ಬಾಡಿಗೆಗೆ ತೆಗೆದುಕೊಂಡ ಸ್ಕೂಲಿನ ಹಾಲ್, ಹೊತ್ತಿಗೆ ಸರಿಯಾಗಿ ಖಾಲಿ ಮಾಡಬೇಕು. ಹಿಂದಿನಿಂದ ಬಿಸಿಬೇಳೆಬಾತಿನ ವಾಸನೆ ಬರತೊಡಗಿತ್ತು. ನಾನು ಯಾರನ್ನೂ ಕೇಳದೆ ಮೈಕನ್ನು ಆಕೆಯ ಕೈಗೆ ಕೊಟ್ಟೆ.

ಆಕೆ ಪೇಟವನ್ನು ಹಿಂದಕ್ಕೆ ಸರಿಸಿಕೊಂಡು ನೇರವಾಗಿ ಹೇಳಿದರು. ನಿಮ್ಮ ಪ್ರೀತಿ ದೊಡ್ಡದು, ದಯವಿಟ್ಟು ಕಂಪ್ಯೂಟರ್ ಕಳಿಸಬೇಡಿ, ಚಿಕ್ಕ ಮಕ್ಕಳ ಕೋಣೆ ಹೋಗುತ್ತದೆ. ಇದಕ್ಕಿಂತ ಸರಳವಾಗಿ ಯಾರೂ ಹೇಳಲಾರರು. ಅಧ್ಯಕ್ಷರ ಕಣ್ಣು ತುಂಬಿ ಬಂತು.

"ನೋಡಿದ್ರಾ?" ಎಂದರು ಸಭೆಯ ಕಡೆ ತಿರುಗಿ. "ಎಂಥಾ ಸಂಸ್ಕಾರ! ಇಷ್ಟು ಕಷ್ಟ ಇದ್ರೂ ಬೇಡ ಅಂತಾರೆ. ಮೇಡಂ, ಪ್ಲೀಸ್, ಸಂಕೋಚ ಮಾಡ್ಕೋಬೇಡಿ. ನಾವು ಡಬಲ್ ಕಳಿಸ್ತೀವಿ!"

ಇದನ್ನೇ ಇಂಗ್ಲಿಷಿನಲ್ಲೂ ಹೇಳಿದರು. ಚಪ್ಪಾಳೆಯೋ ಚಪ್ಪಾಳೆ. ಆಕೆ ಅಂಗೈ ಮುಂದೆ ಮಾಡಿ ಕೈ ಎತ್ತಿದರು, ತಟ್ಟೆಗೆ ಅಡ್ಡ ಹಿಡಿದಿದ್ದ ಅದೇ ಕೈ. ಮುಂದಿನ ಸಾಲಿನ ಕೆಲವರು ತಾವೂ ಕೈ ಬೀಸಿದರು.

ನಾನು ಮೈಕು ತೆಗೆದುಕೊಂಡು, "ಅವರು ಉಪಚಾರಕ್ಕೆ ಹೇಳ್ತಿಲ್ಲ, ನಿಜವಾಗ್ಲೂ ಬೇಡ ಅಂತಿದಾರೆ," ಎಂದೆ. "ನಮ್ಮ ಸ್ಕೂಲುಗಳಲ್ಲೂ ಹಿಂಗೇ ಬೀರುಗೆ ಹಾಕಿ ಬೀಗ ಜಡೀತಿರ್ಲಿಲ್ವಾ?"

ಸಭೆ ನಕ್ಕಿತು. ಎಲ್ಲರಿಗೂ ಒಂದೊಂದು ಬೀರು ನೆನಪಿತ್ತು. "ಮೇಡಂ, ಊಟ ತಣ್ಣಗಾಗ್ತಿದೆ," ಎಂದು ಅಧ್ಯಕ್ಷರು ಮೈಕು ಇಸಕೊಂಡು ವಂದನಾರ್ಪಣೆಗೆ ಕರೆದೇಬಿಟ್ಟರು. ಬಾತಿನ ಸಾಲಿನಲ್ಲಿ ಆಕೆಯ ತಟ್ಟೆಗೆ ನಾಲ್ಕು ಜನ ನಾಲ್ಕು ಕಡೆಯಿಂದ ಬಡಿಸಿದರು.

ಆಕೆ ಹೊರಟ ಮೇಲೆ ನಾನೂ ನನ್ನ ಗಂಡನೂ ಅಡಿಗೆಮನೆಯಲ್ಲಿ ನಿಂತು ಜಗಳವಾಡಿದೆವು.

"ಕಮಿಟಿ ಡಿಸೈಡ್ ಮಾಡಿದೆ ಕಣೇ. ನಾನೊಬ್ಬ ಏನ್ ಮಾಡ್ಲಿ?"

"ಕಮಿಟಿ ಏನಾದ್ರೂ ಡಿಸೈಡ್ ಮಾಡ್ಕೊಳ್ಲಿ. ಗ್ಯಾರೇಜು ನಂದು."

"ನಮ್ದು."

"ಸರಿ, ನಮ್ದು. ನನ್ನ ಅರ್ಧ ತೆಗೆಯಲ್ಲ."

ಅವರು ಇದನ್ನು ತಮಾಷೆ ಎಂದುಕೊಂಡರು. ಮುಂದಿನ ಶನಿವಾರ ಬೆಳಿಗ್ಗೆ ಟ್ರಕ್ಕು ಹಿಮ್ಮುಖವಾಗಿ ನಮ್ಮ ಡ್ರೈವ್‌ವೇಗೆ ಬಂದು ನಿಂತಿತು. ಅಧ್ಯಕ್ಷರು, ಬಳಗದ ಹತ್ತಾರು ಗಂಡಸರು, ಎಲ್ಲರ ಮೈಮೇಲೂ 'ವಿದ್ಯಾದಾನ' ಎಂದು ಅಚ್ಚು ಹಾಕಿಸಿದ ಟೀ ಶರ್ಟು. ಒಬ್ಬರ ಕೈಯಲ್ಲಿ ಕ್ಯಾಮೆರಾ, ಇನ್ನೊಬ್ಬರ ಕೈಯಲ್ಲಿ ಒಡೆಯುವುದಕ್ಕೆ ತೆಂಗಿನಕಾಯಿ. ನಾನು ಎದ್ದ ಕೂಡಲೇ ಎರಡೂ ಕಾರುಗಳಲ್ಲಿದ್ದ ಗ್ಯಾರೇಜು ಬಾಗಿಲಿನ ರಿಮೋಟುಗಳನ್ನು ತೆಗೆದು ಸ್ವೆಟರಿನ ಜೇಬಿಗೆ ಹಾಕಿಕೊಂಡಿದ್ದೆ. ಇನ್ನು ಉಳಿದದ್ದು ಅಡಿಗೆಮನೆಯಿಂದ ಗ್ಯಾರೇಜಿಗೆ ಹೋಗುವ ಬಾಗಿಲ ಪಕ್ಕದ ಗೋಡೆಯಲ್ಲಿ, ಒತ್ತಿದರೆ ಗ್ಯಾರೇಜು ತೆರೆಯುವ ಗುಂಡಿ. ಅದಕ್ಕೆ ಬೆನ್ನು ಕೊಟ್ಟು ಕುರ್ಚಿ ಹಾಕಿಕೊಂಡು ಕೂತೆ.

ಗಂಡ ಒಳಗೆ ಬಂದರು. "ಏನಿದು? ಎಲ್ಲಾ ಕಾಯ್ತಿದಾರೆ, ಏಳು."

"ರೀ, ನೀವು ಒಂದನೇ ಕ್ಲಾಸು ಎಲ್ಲಿ ಕೂತು ಕಲಿತ್ರಿ?"

ಮದುವೆಯಾದ ಹೊಸದರಲ್ಲಿ ಅವರೇ ಹೇಳಿದ ಕಥೆ. ಅವರೂರಿನ ಶಾಲೆಯ ಕೋಣೆಯನ್ನು ಸೊಸೈಟಿಯವರು ಗೊಬ್ಬರದ ಮೂಟೆ ತುಂಬಲು ತೆಗೆದುಕೊಂಡಿದ್ದರು. ಒಂದನೇ ತರಗತಿ ಗುಡಿಯ ಜಗಲಿಯ ಮೇಲೆ. ಮಳೆ ಬಂದರೆ ಗಂಟೆ ಹೊಡೆದು ಮನೆಗೆ ಕಳಿಸುತ್ತಿದ್ದರು. ಅವರ ಜೊತೆ ಜಗಲಿಯಲ್ಲಿ ಕೂತವರಲ್ಲಿ ಎಷ್ಟೋ ಜನ ಆಮೇಲೆ ಶಾಲೆಗೆ ಬರಲೇ ಇಲ್ಲ.

"ಗುಂಡಿ ಇಲ್ಲೇ ಇದೆ," ಎಂದೆ. "ನನ್ನ ಎಬ್ಬಿಸಿ ಒತ್ತಿ. ನಾನು ಕಿರುಚಲ್ಲ."

ಅವರು ಗುಂಡಿಯನ್ನೂ ನನ್ನನ್ನೂ ನೋಡುತ್ತ ನಿಂತರು. ಒತ್ತಲಿಲ್ಲ. ಮುಂಬಾಗಿಲಿನಿಂದ ಹೊರಗೆ ಹೋದರು. ಅವರ ದನಿ ತೆರೆದ ಕಿಟಕಿಯಲ್ಲಿ ನನಗೆ ಕೇಳಿಸಿತು.

"ಸಾರ್, ಗ್ಯಾರೇಜ್ ಡೋರು ಕೆಟ್ಟೋಗಿದೆ. ಸ್ಪ್ರಿಂಗ್ ಹೋಗಿರ್ಬೇಕು."

ನನ್ನ ಗಂಡ ನನ್ನ ಪರವಾಗಿ ಸುಳ್ಳು ಹೇಳುತ್ತಿದ್ದಾರೆ ಎಂದು ಗೊತ್ತಾಗಿ ಒಂದು ಕ್ಷಣ ನನಗೆ ಅಳು ಬಂತು. ಅವರ ಮಾನವೂ ಉಳಿಯಿತು, ನನ್ನದೂ ಉಳಿಯಿತು. ಅಲ್ಲಿಗೆ ಬಿಡಬಹುದಿತ್ತು. ಆದರೆ ಅಧ್ಯಕ್ಷರು, "ಅಷ್ಟೇ ತಾನೇ? ಎಲ್ಲಾ ಸೇರಿ ಕೈಯಲ್ಲೇ ಎತ್ತೋಣ. ಆಗ್ಲಿಲ್ಲ ಅಂದ್ರೆ ರಿಪೇರಿ ಮಾಡ್ಸಿ ಮುಂದಿನ ಶನಿವಾರ ಬರೋಣ, ಕಂಟೇನರ್ ಹೊರಡೋದು ಅದರಾಚೆಗೆ," ಎಂದರು. ಕೆಟ್ಟ ಬಾಗಿಲನ್ನು ಯಾರಾದರೂ ರಿಪೇರಿ ಮಾಡುತ್ತಾರೆ. ನಾನು ಎದ್ದು ಹೊರಗೆ ಹೋದೆ.

"ಡೋರು ಕೆಟ್ಟಿಲ್ಲ ಸಾರ್. ನಾನೇ ತೆಗೀತಿಲ್ಲ."

ಎಲ್ಲರೂ ನನ್ನ ಗಂಡನ ಮುಖ ನೋಡಿದರು. ಅವರು ನೆಲ ನೋಡಿದರು.

"ಯಾಕಮ್ಮಾ?" ಎಂದರು ಅಧ್ಯಕ್ಷರು. ಅವರಿಗೆ ನಿಜಕ್ಕೂ ನೋವಾಗಿತ್ತು. "ಬಡ ಮಕ್ಕಳ ವಿದ್ಯೆಗೆ ಅಡ್ಡ ಬರ್ತೀರಾ?"

"ಅವರ ಕೋಣೆಗೆ ಅಡ್ಡ ನಿಂತಿದೀನಿ. ಅವರು ನಿಮ್ಮ ಮುಂದೇನೇ ಬೇಡ ಅಂದ್ರಲ್ಲ."

"ಅಯ್ಯೋ, ಅದು ಸಂಕೋಚ ಅಮ್ಮಾ. ನಮಗೆ ಅರ್ಥ ಆಗಲ್ವಾ?"

ನಾನು ಗ್ಯಾರೇಜಿನ ಬಾಗಿಲಿಗೆ ಬೆನ್ನು ಹಚ್ಚಿ ನಿಂತು, ಅಂಗೈ ಮುಂದೆ ಮಾಡಿ ಕೈ ಅಡ್ಡ ಹಿಡಿದೆ. "ನೋಡಿ, ನಾನೂ ಬೇಡ ಅಂತಿದೀನಿ. ನಂದೂ ಸಂಕೋಚಾನಾ ಸಾರ್?"

ನನ್ನ ಕೈ ಸರಿಸುವುದಕ್ಕೆ ಯಾರೂ ಮುಂದೆ ಬರಲಿಲ್ಲ. ಟ್ರಕ್ಕಿನವನು ಕಿಟಕಿಯಿಂದ ತಲೆ ಹೊರಹಾಕಿ, ಸಾಮಾನು ಇದೆಯೋ ಇಲ್ಲವೋ ಎಂದು ಕೇಳಿದ. ಇಲ್ಲ ಎಂದೆ. ಖಾಲಿ ಟ್ರಕ್ಕು ಹೊರಟುಹೋಯಿತು. ಅವಸರದಲ್ಲಿ ತೆಂಗಿನಕಾಯಿಯನ್ನು ನಮ್ಮ ಹೊಸಿಲಲ್ಲೇ ಬಿಟ್ಟು ಹೋಗಿದ್ದರು, ಮಾರನೇ ದಿನ ಅದನ್ನು ಒಡೆದು ಚಟ್ನಿ ಮಾಡಿದೆ.

ದೀಪಾವಳಿಯ ಹೊತ್ತಿಗೆ ಬಳಗಕ್ಕೆ ಬೇರೆ ಕಾರ್ಯದರ್ಶಿ ಬಂದರು, ಮೈಕಿಗೂ ಬೇರೆಯವರು. ಗ್ರೋಸರಿ ಅಂಗಡಿಯಲ್ಲಿ ಸಿಕ್ಕರೆ ಕೆಲವರು ಬೇಳೆಯ ಸಾಲಿನಿಂದ ಅಕ್ಕಿಯ ಸಾಲಿಗೆ ತಿರುಗುತ್ತಿದ್ದರು. ತಿರುಗಲಿ. ಮಾನಿಟರುಗಳನ್ನು ನಾವೇ ದುಡ್ಡು ಕೊಟ್ಟು, ವಾರಕ್ಕೆ ಕೆಲವೆಂದು ಕಾರಿನ ಡಿಕ್ಕಿಯಲ್ಲಿ ವಿಲೇವಾರಿ ಕೇಂದ್ರಕ್ಕೆ ಸಾಗಿಸಿದೆವು. ಗಂಡ ಹೊರುತ್ತ ಬೈಯುತ್ತಿದ್ದರು, ಬೈಯುತ್ತ ಹೊರುತ್ತಿದ್ದರು.

ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಫೋನು ಬಂತು. ಆಕೆ ಹತ್ತಿರದ ಪಟ್ಟಣಕ್ಕೆ ಬಂದು ಅಲ್ಲಿಂದ ಮಾಡಿದ್ದರು. ಲೈನು ಸರಿಯಿರಲಿಲ್ಲ. ಥ್ಯಾಂಕ್ಸ್ ಹೇಳಲಿಲ್ಲ, ನಾನೂ ಕಾಯಲಿಲ್ಲ. ಕೊಟ್ಟದ್ದಾದರೂ ಏನು? ಪಕ್ಕದಲ್ಲಿ ನಿಂತಿದ್ದ ಗಂಡ ಏನಂತೆ, ಏನಂತೆ ಎಂದು ಪೀಡಿಸುತ್ತಿದ್ದರು. ನಾನು ರಿಸೀವರನ್ನು ಎದೆಗೆ ಒತ್ತಿಕೊಂಡು ಹೇಳಿದೆ:

"ಅಲ್ಲಿ ಜೋರು ಮಳೆಯಂತೆ. ಒಂದನೇ ಕ್ಲಾಸು ಒಳಗಿದೆಯಂತೆ."