ಹತ್ತು ಏಟಿನ ಶನಿವಾರ

ಬಸ್ ಡಿಪೋದ ಕುಲುಮೆಯಲ್ಲಿ ಮೂವತ್ತೆರಡು ವರ್ಷ ಸ್ಪ್ರಿಂಗ್ ಪಟ್ಟಿಗಳನ್ನು ಬಡಿದವನಿಗೆ ಪಟ್ಟಿ ಮಾಸ್ತರ ಎಂಬ ಹೆಸರು ಬಂದದ್ದರಲ್ಲಿ ಆಶ್ಚರ್ಯವೇನಿಲ್ಲ. ಮಾಸ್ತರ ಅನ್ನುವ ಬಾಲ ಮಾತ್ರ ಬೇರೆ ಕಡೆಯಿಂದ ಬಂದದ್ದು. ಡಿಪೋದ ಹಿಂದೆ ಹಳೇ ಟೈರು ಪೇರಿಸಿಡುತ್ತಿದ್ದ ಶೆಡ್ಡನ್ನು ಖಾಲಿ ಮಾಡಿಸಿ, ನಾಲ್ಕು ಕಂಬ ನೆಟ್ಟು, ಹಗ್ಗ ಬಿಗಿದು, ಸಂಜೆ ಹೊತ್ತು ಅಲ್ಲಿ ಬಾಕ್ಸಿಂಗ್ ಕಲಿಸುತ್ತಿದ್ದ. ಕಲಿಸಪ್ಪಾ ಎಂದು ಯಾರೂ ಅವನ ಕಾಲು ಹಿಡಿದಿರಲಿಲ್ಲ. ಪ್ರಾಯದಲ್ಲಿ ತಾನು ಏಳು ಪಂದ್ಯ ಆಡಿ ಐದರಲ್ಲಿ ಮಕಾಡೆ ಮಲಗಿದ್ದ. ಬಿದ್ದವನಿಗೆ ಬೀಳದಿರುವ ಉಪಾಯ ಹೆಚ್ಚು ಹೊಳೆಯುತ್ತದೋ ಏನೋ, ಏಟು ತಿಂದೂ ನಿಲ್ಲುವುದು ಹೇಗೆ ಅನ್ನುವ ಬಗ್ಗೆ ಅವನ ಹತ್ತಿರ ಮೂಟೆಗಟ್ಟಲೆ ವಿದ್ಯೆ ಇತ್ತು.

ಅದರಲ್ಲಿ ಅರ್ಧ ಒಳ್ಳೆಯದೇ. ಮುರಿದ ಸ್ಪ್ರಿಂಗ್ ಪಟ್ಟಿಗಳನ್ನು ಚರ್ಮದ ಬೆಲ್ಟಿಗೆ ಕಟ್ಟಿ, ಅದನ್ನು ತಲೆಗೆ ತೊಡಿಸಿ, ಹುಡುಗರ ಕೈಲಿ ಕುತ್ತಿಗೆ ಎತ್ತಿಸಿ ಇಳಿಸುತ್ತಿದ್ದ. ಗದ್ದ ತಗ್ಗಿಸಿಕೊಂಡೇ ಆಡುವುದು ರೂಢಿಯಾಗಲೆಂದು ಅದರ ಕೆಳಗೆ ಟೆನಿಸ್ ಚೆಂಡು ಸಿಕ್ಕಿಸುತ್ತಿದ್ದ. ಚೆಂಡು ಬಿದ್ದರೆ ಶೆಡ್ಡಿಗೆ ಮೂರು ಸುತ್ತು ಓಟ.

ಕೆಟ್ಟದ್ದೆಲ್ಲ ಶನಿವಾರಕ್ಕೆ ಮೀಸಲು. ಅವತ್ತು ಹುಡುಗರು ಸಾಲಾಗಿ ನಿಂತು, ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಗದ್ದ ಎತ್ತಿ, ಮಾಸ್ತರನಿಂದ ಮುಖಕ್ಕೆ ಹತ್ತು ಏಟು ತಿನ್ನಬೇಕು. ತಿನ್ನುವವನೇ ಎಣಿಸಬೇಕು. ಕಣ್ಣು ಮಿಟುಕಿಸಿದರೆ ಮತ್ತೆ ಒಂದರಿಂದ ಶುರು. ಗ್ಲೌಸ್ ಹಾಕಿಕೊಂಡೇ ಹೊಡೆಯುತ್ತಿದ್ದ, ಅರ್ಧ ಬಲವನ್ನಷ್ಟೇ ಹಾಕುತ್ತಿದ್ದ, ಒಪ್ಪೋಣ. ಆದರೆ ದಿನವಿಡೀ ಸುತ್ತಿಗೆ ಎತ್ತುವ ಕೈಯ ಅರ್ಧ ಬಲ ಎಷ್ಟೆಂದು ಆ ಹುಡುಗರನ್ನೇ ಕೇಳಬೇಕು.

"ಕಬ್ಬಿಣ ಹೇಗ್ರೋ ಗಟ್ಟಿಯಾಗೋದು? ಬಡಿದ್ರೆ ತಾನೆ? ತಲೇನೂ ಅಷ್ಟೇ. ಬಡಿದಷ್ಟೂ ಗಟ್ಟಿ," ಅನ್ನುತ್ತಿದ್ದ. ಇನ್ನೊಂದು ಕಟ್ಟಳೆಯೂ ಇತ್ತು: ಶೆಡ್ಡಿನ ಮಾತು ಶೆಡ್ಡಲ್ಲೇ, ಮನೆಗೆ ಒಯ್ಯಬಾರದು. ಶನಿವಾರ ಬಂತೆಂದರೆ ಸುತ್ತಲಿನ ಅರ್ಧ ಹುಡುಗರಿಗೆ ಹೊಟ್ಟೆನೋವು.

ಒಬ್ಬನಿಗೆ ಮಾತ್ರ ಯಾವ ಶನಿವಾರವೂ ಹೊಟ್ಟೆ ನೋಯಲಿಲ್ಲ. ಅವನು ಮಾಸ್ತರನ ಭಾವಮೈದ, ಹೆಂಡತಿಯ ಒಬ್ಬನೇ ತಮ್ಮ. ತಾಯಿ ಸತ್ತ ಮೇಲೆ ಅಕ್ಕನೇ ಸಾಕಿದ ಕೂಸು. ಅವಳು ಮದುವೆಯಾಗಿ ಬರುವಾಗ ಟ್ರಂಕಿನ ಜೊತೆಗೆ ಒಂಬತ್ತು ವರ್ಷದ ಈ ತಮ್ಮನನ್ನೂ ಕರೆತಂದಿದ್ದಳು. ಅವನಿಗೆ ಹದಿನಾರಾದಾಗ ಅವಳೇ ಗಂಡನ ಹಿಂದೆ ಕಳಿಸಿದಳು. "ಕಡ್ಡಿ ಥರ ಇದಾನೆ. ಮೈ ಸ್ವಲ್ಪ ಗಟ್ಟಿಯಾಗ್ಲಿ, ನೋಡ್ಕೊಳ್ರೀ," ಅಂದಳು.

ಮೊದಮೊದಲು ಹುಡುಗ ನಾಲ್ಕೈದು ಏಟಿಗೊಮ್ಮೆ ಮಿಟುಕಿಸಿಬಿಡುತ್ತಿದ್ದ. ಹತ್ತು ಮುಗಿಯಲು ಕೆಲವು ಶನಿವಾರ ಅರವತ್ತು ಏಟಾಗುತ್ತಿತ್ತು. ಎರಡನೇ ವರ್ಷಕ್ಕೆ ಮಿಟುಕಿಸುವುದು ನಿಂತಿತು. ಕೈ ಮುಖದ ಹತ್ತಿರ ಬಂದರೂ ಕಣ್ಣು ಹಾಗೇ ತೆರೆದಿರುತ್ತಿತ್ತು. ಗೂಟ ಹೊಡೆದ ಹಾಗೆ ನಿಲ್ಲುತ್ತಾನೆಂದು ಶೆಡ್ಡಿನವರು ಅವನಿಗೆ ಗೂಟ ಎಂದೇ ಹೆಸರಿಟ್ಟರು. ಮಾಸ್ತರನಿಗೆ ಹಿಗ್ಗೋ ಹಿಗ್ಗು. ಡಿಪೋದ ಕ್ಯಾಂಟೀನಿನಲ್ಲಿ ಡ್ರೈವರು, ಕಂಡಕ್ಟರುಗಳನ್ನು ಹಿಡಿದು ಕೂರಿಸಿ, "ನಾನು ಹದ ಮಾಡಿದ ತಲೆ ಅದು," ಎಂದು ಕೊಚ್ಚಿಕೊಳ್ಳುತ್ತಿದ್ದ.

ಆ ವರ್ಷವೇ ಒಂದು ಭಾನುವಾರ ಬೆಳಿಗ್ಗೆ ಮಾಸ್ತರ ಹಿತ್ತಲಲ್ಲಿ ಸೈಕಲ್ಲಿಗೆ ಗಾಳಿ ಹಾಕುತ್ತಿದ್ದಾಗ ಗೂಟ ಬಂದು ಪಕ್ಕದಲ್ಲಿ ನಿಂತ.

"ಭಾವ, ತಲೆ ನೋಯ್ತಿದೆ. ಮೇಲೆ ಅಲ್ಲ, ಒಳಗೆ. ರಾತ್ರಿಯೆಲ್ಲ ಹೋಗಲೇ ಇಲ್ಲ."

ಮಾಸ್ತರ ನಕ್ಕ. "ಮೊದಲ ದಿನ ಬಸ್ಕಿ ಹೊಡೆದಾಗ ತೊಡೆ ನೋಯ್ಲಿಲ್ವೇನೋ? ಆಮೇಲೆ ಗಟ್ಟಿಯಾಯ್ತೋ ಇಲ್ವೋ? ಇದೂ ಹಾಗೇ ಕಣೋ. ತಲೆ ಗಟ್ಟಿಯಾಗ್ತಿದೆ."

ಹುಡುಗನ ಮುಖ ಅರಳಿತು. ಭಾವ ಹೇಳಿದ ಮೇಲೆ ಮುಗಿಯಿತು, ಅದೇ ವೇದವಾಕ್ಯ. ಮುಂದಿನ ಶನಿವಾರ ಬಂದು ಹತ್ತನ್ನೂ ಎಣಿಸಿದ.

ಗೂಟ ಹದಿನೆಂಟು ಪಂದ್ಯ ಆಡಿದ. ಹದಿನೇಳರಲ್ಲಿ ಬೀಳಲಿಲ್ಲ, ಗೆದ್ದದ್ದು ಮಾತ್ರ ಆರು. ಕೊನೆಯ ಪಂದ್ಯದಲ್ಲಿ ಎಡಗೈಯವನೊಬ್ಬ ಹೊಡೆದ ಏಟಿಗೆ ಬಿದ್ದವನು ಎದ್ದು ಕೂರಲು ಅರ್ಧ ಗಂಟೆ ಹಿಡಿಯಿತು. ಆಮೇಲೆ ರಿಂಗು ಬಿಟ್ಟು ಗೋಡೆಗೆ ಬಣ್ಣ ಬಳಿಯುವ ಕೆಲಸ ಹಿಡಿದ. ಮೂವತ್ತೈದರ ಹೊತ್ತಿಗೆ ನಿನ್ನೆ ಬಳಿದ ಗೋಡೆಗೇ ಇವತ್ತು ಮತ್ತೆ ಬಳಿಯತೊಡಗಿದ. ಮಾತು ಕುಡಿದವನಂತೆ ತೊದಲಿತು. ಕುಡಿಯುವ ಚಟವೇ ಇಲ್ಲದವನನ್ನು ಮೇಸ್ತ್ರಿ ಕುಡುಕನೆಂದು ಕೆಲಸದಿಂದ ಬಿಡಿಸಿದ. ಈಗ ನಲವತ್ತೊಂದು. ಅಕ್ಕನ ಮನೆಯ ಮುಂದಿನ ಕೋಣೆಯಲ್ಲಿ ಇದ್ದಾನೆ. ಅಂಗಿಯ ಗುಂಡಿ ಹಾಕಿಕೊಳ್ಳಲು ಅರ್ಧ ಬೆಳಿಗ್ಗೆ ಬೇಕು.

"ಆ ಎಡಗೈಯವನ ಕೈ ಬಿದ್ದುಹೋಗ! ಅವನೊಬ್ಬ ಇಲ್ದೇ ಇದ್ದಿದ್ರೆ ನನ್ನ ತಮ್ಮ ಹೀಗಾಗ್ತಿರ್ಲಿಲ್ಲ," ಎಂದು ಅಕ್ಕ ತಮ್ಮನಿಗೆ ತುತ್ತು ಕೊಡುವಾಗಲೆಲ್ಲ ಶಪಿಸುತ್ತಾಳೆ. ಮಾಸ್ತರ ಹೂಂ ಅನ್ನುತ್ತಾನೆ. ಆರು ವರ್ಷದಿಂದ ಅನ್ನುತ್ತಲೇ ಇದ್ದಾನೆ.

ಆಸ್ಪತ್ರೆಗೆ ಕರೆದೊಯ್ದ ದಿನ ತಮ್ಮನನ್ನು ಹಿಡಿದುಕೊಂಡು ಅಕ್ಕ ಹೊರಗಿನ ಬೆಂಚಿನಲ್ಲಿ ಕೂತಿದ್ದಳು. ಒಳಗೆ ಡಾಕ್ಟರಮ್ಮನ ಎದುರು ಮಾಸ್ತರ ಒಬ್ಬನೇ.

"ಏಟು ತಡೆಯೋ ಶಕ್ತಿ ಅಭ್ಯಾಸದಿಂದ ಬರಲ್ವಾ ಮೇಡಂ?" ಎಂದು ಕೇಳಿದ. ಇಡೀ ಬದುಕಿನ ವಿದ್ಯೆಯನ್ನು ಒಂದು ಪ್ರಶ್ನೆ ಮಾಡಿ ಮೇಜಿನ ಮೇಲಿಟ್ಟಿದ್ದ.

"ಕುತ್ತಿಗೆ ಗಟ್ಟಿ ಮಾಡ್ಕೋಬಹುದು, ಸ್ವಲ್ಪ ಅನುಕೂಲ ಆದೀತು. ದಣಿದೇ ಇರೋದನ್ನ ಕಲೀಬಹುದು. ಏಟು ಬರೋದು ಕಣ್ಣಿಗೆ ಕಂಡ್ರೆ ಕುತ್ತಿಗೆ ತಾನಾಗೇ ಬಿಗಿಯುತ್ತೆ, ತಲೆ ಕಮ್ಮಿ ಅಲ್ಲಾಡುತ್ತೆ. ಆದ್ರೆ ಒಳಗಿರೋ ಮೆದುಳಿಗೆ ಸ್ನಾಯು ಇಲ್ಲ ಯಜಮಾನ್ರೇ, ಅದನ್ನ ಗಟ್ಟಿ ಮಾಡಕ್ಕಾಗಲ್ಲ. ಬಿದ್ದ ಏಟೆಲ್ಲ ಕೂಡ್ತಾ ಹೋಗುತ್ತೆ. ಬೀಳಿಸದೇ ಇರೋ ಸಣ್ಣ ಏಟೂ ಸೇರಿ."

"ಕಣ್ಣು ಮಿಟುಕಿಸೋದು ನಿಂತಿದ್ರೆ?"

"ಅದು ಧೈರ್ಯ ಅಲ್ಲ. ಏಟು ಬರ್ತಿದೆ ಅಂತ ಮೈಗೆ ತಡವಾಗಿ ಗೊತ್ತಾಗ್ತಿತ್ತೋ ಏನೋ. ಆಗ ತಲೆನೋವು ಅಂತ ಏನಾದ್ರೂ ಹೇಳ್ತಿದ್ರಾ ಇವರು?"

ಮಾಸ್ತರ ಮೇಜಿನ ಮೇಲಿದ್ದ ಪೆನ್ನಿನ ಡಬ್ಬಿ ನೋಡಿದ. "ನೆನಪಿಲ್ಲ," ಅಂದ.

ಹೊರಗೆ ಬಂದು ಹೆಂಡತಿಗೂ ಏನೂ ಹೇಳಲಿಲ್ಲ. ಹೇಳಿದರೆ ಅವಳು ಮನೆ ಬಿಟ್ಟು ಹೋದಾಳೆಂಬ ಭಯವಲ್ಲ. ಬಿಡದೆ, ದಿನಾ ಎದುರಿಗೆ ಓಡಾಡಿಕೊಂಡು, ಮಾತಾಡದೆ ಉಳಿದರೆ? ಅದನ್ನು ತಡೆಯುವ ಶಕ್ತಿ ಅವನಿಗಿರಲಿಲ್ಲ. ಅವನನ್ನು ಹೆಚ್ಚು ಸುಟ್ಟದ್ದು ಇನ್ನೊಂದು. ಕುಲುಮೆಯಲ್ಲಿ ಆರಿದ ಪಟ್ಟಿಯನ್ನು ಬಡಿಯಲು ಹೋದವರ ಮೇಲೆ ಅವನೇ ರೇಗುತ್ತಿದ್ದ: "ಆರಿದ್ದನ್ನ ಬಡೀಬೇಡ್ರೋ, ಒಳಗೆ ಬಿರುಕು ಬಿಡುತ್ತೆ, ಕಣ್ಣಿಗೂ ಕಾಣಲ್ಲ!" ಕಬ್ಬಿಣದ ವಿಷಯದಲ್ಲಿ ಇದ್ದ ಎಚ್ಚರ ಮನೆಯ ಕೂಸಿನ ವಿಷಯದಲ್ಲಿ ಇರಲಿಲ್ಲ. ಡಿಪೋದಿಂದ ನಿವೃತ್ತನಾದ ದಿನ ತಾನೇ ನಿಂತು ಹಗ್ಗ ಬಿಚ್ಚಿದ. ಶೆಡ್ಡಿನಲ್ಲಿ ಈಗ ಮತ್ತೆ ಹಳೇ ಟೈರುಗಳಿವೆ.

ಬೆಳಿಗ್ಗೆ ಭಾವಮೈದನಿಗೆ ಗಡ್ಡ ಹೆರೆಯುವುದು ಮಾಸ್ತರನ ಕೆಲಸ. ಮೊನ್ನೆ ಹೀಗೇ ಹೆರೆದು ಮುಗಿಸಿ, ಒದ್ದೆ ಟವೆಲನ್ನು ಅಂಗೈಗೆ ಸುತ್ತಿಕೊಂಡು ಮುಖ ಒರೆಸಲು ಕೈ ಎತ್ತಿದ. ಸುತ್ತಿದ ಕೈಯಲ್ಲಿ ಗೂಟನಿಗೆ ಏನು ಕಂಡಿತೋ, ಸ್ಟೂಲಿನಿಂದ ದಡಕ್ಕನೆ ಎದ್ದು ನಿಂತ. ಕೈ ಬೆನ್ನ ಹಿಂದೆ ಹೋಯಿತು. ಗದ್ದ ಮೇಲೆದ್ದಿತು.

"ಒಂದು," ಅಂದ.

ಮಾಸ್ತರನ ಕೈ ಗಾಳಿಯಲ್ಲೇ ನಿಂತಿತು.

"ಎರಡು. ಮೂರು." ಗುಂಡಿ ಹಾಕಿಕೊಳ್ಳಲಾಗದವನು ಒಂದೂ ತಪ್ಪದೆ ಹತ್ತರವರೆಗೆ ಎಣಿಸಿದ. ಆಮೇಲೆ ಸೋಪಿನ ನೊರೆಯ ಮುಖದಲ್ಲೇ ನಕ್ಕ. "ಮಿಟುಕಿಸ್ಲಿಲ್ಲ ಅಲ್ವಾ ಭಾವ?"

ಕಾಫಿ ಲೋಟ ಹಿಡಿದು ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. "ಏನ್ರೀ ಇದು? ಏನು ಎಣಿಸ್ತಿದಾನೆ ಅವನು?"

ಇನ್ನು ಹೂಂ ಅನ್ನಲು ಜಾಗವಿರಲಿಲ್ಲ. ಮಾಸ್ತರ ಖಾಲಿಯಾದ ಸ್ಟೂಲಿನ ಮೇಲೆ ಕುಸಿದು ಕೂತು ಎಲ್ಲವನ್ನೂ ಹೇಳಿದ. ಶನಿವಾರಗಳನ್ನು ಹೇಳಿದ, ಅರವತ್ತು ಏಟುಗಳನ್ನು ಹೇಳಿದ, ಡಾಕ್ಟರಮ್ಮನ ಮುಂದೆ ಆಡಿದ ಸುಳ್ಳನ್ನೂ ಹೇಳಿದ. "ಎಡಗೈಯವನದು ಒಂದೇ ಏಟು ಕಣೇ. ಉಳಿದದ್ದೆಲ್ಲ ನಂದು. ತಲೆ ಒಳಗೆ ನೋಯ್ತಿದೆ ಅಂತ ಬಂದು ಹೇಳಿದ್ದ. ನಾನು ನಕ್ಕುಬಿಟ್ಟೆ."

ಅವಳು ತಮ್ಮನ ಕೈಗೆ ಲೋಟ ಕೊಟ್ಟು, ಚೆಲ್ಲದ ಹಾಗೆ ಅವನ ಒಂದೊಂದೇ ಬೆರಳನ್ನು ಅದರ ಸುತ್ತ ಮಡಿಸಿದಳು. ಆಮೇಲೆ ಗಂಡನ ಕಡೆ ನೋಡದೆಯೇ ಹೇಳಿದಳು.

"ಒಂದು ಭಾನುವಾರ, ನೀವು ಸೈಕಲ್ಲಿಗೆ ಗಾಳಿ ಹಾಕ್ತಿದ್ರಿ ಅಲ್ವಾ? ಮೊದಲು ನನ್ನ ಹತ್ರಾನೇ ಬಂದಿದ್ದ. ತಲೆ ನೋಯ್ತಿದೆ ಅಕ್ಕ, ಇನ್ನು ಶೆಡ್ಡಿಗೆ ಹೋಗಲ್ಲ ಅಂದ. ಭಾವನಿಗೆ ಗೊತ್ತಿರುತ್ತೆ, ಅವರನ್ನೇ ಕೇಳ್ಹೋಗು ಅಂತ ನಿಮ್ಮ ಹತ್ರ ಕಳಿಸಿದ್ದು ನಾನೇ."