ಅತ್ತೆಯ ರಿಸೀವರಿಗೆ ನಾನು ಕುಡಿಸಿದ ತೀರ್ಥ

ನಾನು ಜೀವನದಲ್ಲಿ ಒಂದೇ ಒಂದು ಕೊಲೆ ಮಾಡಿದ್ದೇನೆ, ಅದೂ ಮಡಿಯುಟ್ಟು, ಪೂಜೆ ಮಾಡುತ್ತಾ. ಸತ್ತದ್ದು ನಮ್ಮತ್ತೆಯ ಸ್ಟೀರಿಯೋ ರಿಸೀವರ್.

ಅತ್ತೆ ಅಂದರೆ ನನ್ನ ಹೆಂಡತಿಯ ತಾಯಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಕುಮಾರಸ್ವಾಮಿ ಲೇಔಟಿನ ನಮ್ಮ ಮನೆಗೆ ಬಂದು ನೆಲೆಸಿದಾಗ ಎರಡು ಟ್ರಂಕು, ಒಂದು ಕಾಫಿ ಫಿಲ್ಟರು ಮತ್ತು ಈ ರಿಸೀವರನ್ನು ತಂದಿದ್ದರು. ಜಪಾನಿನದು. ಬೆಳ್ಳಿ ಬಣ್ಣದ ಮುಖ, ಎರಡೂ ಪಕ್ಕದಲ್ಲಿ ಮರದ ಹಲಗೆ, ಸ್ಟೇಷನ್ ತಿರುಗಿಸಲು ಒಂದು ದಪ್ಪ ಗುಂಡಿ, ಹಾಕಿದ ಕೂಡಲೇ ಹತ್ತುವ ಹಸಿರು ದೀಪ. ರೇಡಿಯೋ ಕೂಡ ಅದರೊಳಗೇ ಇತ್ತು. ಅದಕ್ಕೆ ಮೊಣಕಾಲೆತ್ತರದ ಎರಡು ಸ್ಪೀಕರುಗಳು. ಮನೆಯಲ್ಲಿ ಎಲ್ಲರೂ ಅದನ್ನು ‘ಸೆಟ್ಟು’ ಎನ್ನುತ್ತಿದ್ದೆವು. ಅತ್ತೆ ಅದನ್ನು ತಮ್ಮದೇ ಸಂಬಳದಲ್ಲಿ ಕೊಂಡಿದ್ದರು. ಈ ಸಂಗತಿಯನ್ನು ಮನೆಗೆ ಬಂದ ಪ್ರತಿಯೊಬ್ಬರಿಗೂ ತಿಳಿಸಲಾಗುತ್ತಿತ್ತು.

ಅವರ ಕಡೆಯವರಲ್ಲಿ ಅತ್ತೆಯಾದವಳು ಅಳಿಯನ ಜೊತೆ ನೇರವಾಗಿ ಮಾತಾಡುವ ಪದ್ಧತಿ ಇಲ್ಲ. ಹಾಗಂತ ಹೇಳುವುದನ್ನು ಬಿಡುತ್ತಾರೆಯೇ? ಗೋಡೆಗೆ ಹೇಳುತ್ತಾರೆ. “ಕಾಫಿ ಆರ್ತಾ ಇದೆ,” “ಗೇಟು ಹಾಕಿಲ್ಲ,” “ಪ್ಯಾಂಟು ಬಿಗಿಯಾಗಿದೆ.” ನಾನು ಕೇಳಿಸಿಕೊಂಡು ಅದರಂತೆ ನಡೆಯಬೇಕು. ಇಪ್ಪತ್ತು ವರ್ಷದಲ್ಲಿ ನಮ್ಮ ಗೋಡೆಗೆ ಮನೆತನದ ಸಕಲ ವಿಚಾರವೂ ಗೊತ್ತಾಗಿತ್ತು.

ಆದರೆ ಬೆಳಗ್ಗೆ ಏಳರಿಂದ ಎಂಟರವರೆಗೆ ಒಂದು ಗಂಟೆ ಬೇರೆಯೇ ಆಗಿತ್ತು. ಹೆಂಡತಿ ಆಸ್ಪತ್ರೆಯ ಔಷಧಿ ವಿಭಾಗದ ಬೆಳಗಿನ ಶಿಫ್ಟಿಗೆ ಹೊರಟುಬಿಡುತ್ತಿದ್ದಳು. ನನಗೆ ಕಾಲೇಜು ಒಂಬತ್ತೂವರೆಗೆ. ಅತ್ತೆ ಸೆಟ್ಟು ಹಾಕುತ್ತಿದ್ದರು. ನಾನು ಕುರ್ಚಿ ಎಳೆದುಕೊಂಡು ಕೂರುತ್ತಿದ್ದೆ. ಹಾಡು, ವಾರ್ತೆ, ಮತ್ತೆ ಹಾಡು. ಒಂದು ಮಾತಿಲ್ಲ. ಆದರೂ ಆ ಒಂದು ಗಂಟೆ ನನಗೆ ತುಂಬಾ ಇಷ್ಟವಾಗಿತ್ತು. ನನ್ನ ತಾಯಿ ನಾನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದರು. ದೊಡ್ಡವರೊಬ್ಬರ ಪಕ್ಕ ಸುಮ್ಮನೆ ಕೂರುವ ಸುಖ ಇದೊಂದೇ ಕಡೆ ನನಗೆ ಸಿಕ್ಕಿತ್ತು. ಸೆಟ್ಟು ಹೋದರೆ ಈ ಗಂಟೆಯೂ ಹೋಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಅಂಥ ಸೆಟ್ಟಿನೊಳಕ್ಕೆ ನಾನು ನೀರು ಸುರಿದೆ. ನಾನು ಪಿಯುಸಿ ಹುಡುಗರಿಗೆ ಭೌತಶಾಸ್ತ್ರ ಕಲಿಸುತ್ತೇನೆ. ನೀರಿಗೂ ವಿದ್ಯುತ್ತಿಗೂ ಆಗಿಬರುವುದಿಲ್ಲ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸುವವನು.

ಆಯುಧಪೂಜೆಯ ದಿನ ಸ್ಕೂಟರು, ಮಿಕ್ಸಿ, ಫ್ರಿಜ್ಜು, ವಾಷಿಂಗ್ ಮೆಷಿನ್ನು, ಸೆಟ್ಟು ಎಲ್ಲಕ್ಕೂ ಪೂಜೆ ಮಾಡುವ ಕೆಲಸ ನನ್ನದು. ಎಲ್ಲಕ್ಕೂ ಕುಂಕುಮ ಇಟ್ಟು, ಹೂವು ಏರಿಸಿ, ತೀರ್ಥ ಚಿಮುಕಿಸುತ್ತಾ ಬಂದೆ. ಸೆಟ್ಟಿನ ಹತ್ತಿರ ಬಂದಾಗ, ಅತ್ತೆಯ ಸೆಟ್ಟಲ್ಲವೇ, ಸ್ವಲ್ಪ ಭಕ್ತಿ ಜಾಸ್ತಿ ಇರಲಿ ಎಂದು ಪಂಚಪಾತ್ರೆಯನ್ನೇ ಕೈಯಲ್ಲಿ ಎತ್ತಿಕೊಂಡೆ. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ಪಾತ್ರೆ ಮಗುಚಿತು. ಬಿಸಿ ಹೋಗಲಿ ಎಂದು ಸೆಟ್ಟಿನ ಮೇಲ್ಭಾಗದಲ್ಲಿ ಸಾಲು ಸಾಲಾಗಿ ಸೀಳು ಬಿಟ್ಟಿದ್ದಾರೆ. ತೀರ್ಥವೆಲ್ಲ ತುಳಸಿ ಸಮೇತ ಅದರೊಳಗೆ ಇಳಿದುಹೋಯಿತು. ಸುತ್ತ ಯಾರೂ ಇರಲಿಲ್ಲ. ಪಂಚೆಯ ತುದಿಯಲ್ಲಿ ಮೇಲೆ ಮೇಲೆ ಒರೆಸಿ, ಮಂತ್ರವನ್ನು ಅರ್ಧಕ್ಕೆ ಬಿಟ್ಟು, ಸ್ಕೂಟರಿನ ಮುಂದೆ ಬೂದುಕುಂಬಳಕಾಯಿ ಒಡೆಯಲು ಕೆಳಗೆ ಓಡಿದೆ.

ಪೂಜೆಗಿಟ್ಟ ವಸ್ತುವನ್ನು ಅವತ್ತು ಬಳಸುವಂತಿಲ್ಲ. ಹಾಗಾಗಿ ನನಗೆ ಒಂದು ದಿನದ ಜಾಮೀನು ಸಿಕ್ಕಿತು. ಮಾರನೆಯ ದಿನ, ವಿಜಯದಶಮಿಯ ಬೆಳಗ್ಗೆ ಏಳಕ್ಕೆ ಅತ್ತೆ ಗುಂಡಿ ಒತ್ತಿದರು. ಹಸಿರು ದೀಪ ಹತ್ತಿತು, ಆರಿತು. ಒಳಗೆ ಫಟ್ ಎಂದಿತು. ಸೀದ ವಾಸನೆ ಬಂತು.

“ವೋಲ್ಟೇಜ್ ಇರ್ಬೇಕು,” ಎಂದೆ ನಾನು.

“ವೋಲ್ಟೇಜೇ,” ಎಂದರು ಅತ್ತೆ, ಗೋಡೆಗೆ.

ನಾನು ಹೇಳಿದ ಯಾವ ಮಾತನ್ನೂ ಅವರು ಅಷ್ಟು ಬೇಗ ಒಪ್ಪಿದ್ದಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ರಿಪೇರಿಗೆ ನಾನೊಬ್ಬನೇ ಒಯ್ದು, ಅಂಗಡಿಯವನ ಕಿವಿಯಲ್ಲಿ ನಿಜ ಹೇಳಿ, ಮುಗಿಸಿಬಿಡೋಣ ಎಂದುಕೊಂಡಿದ್ದೆ. ಆದರೆ ಅತ್ತೆ ಸೀರೆ ಬದಲಾಯಿಸಿ ಬಾಗಿಲಲ್ಲಿ ನಿಂತಿದ್ದರು. ಸೆಟ್ಟನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಲು ಬಿಡಲಿಲ್ಲ. ತೀರಿಹೋದ ಮಾವನವರ ರೇಷ್ಮೆ ಪಂಚೆ ತಂದುಕೊಟ್ಟರು. ಸುತ್ತಿದ ಸೆಟ್ಟನ್ನು ಗ್ಯಾಸ್ ಸಿಲಿಂಡರಿನ ಹಾಗೆ ಸ್ಕೂಟರಿನಲ್ಲಿ ನನ್ನ ಕಾಲುಗಳ ನಡುವೆ ಇಟ್ಟುಕೊಂಡೆ. ಅತ್ತೆ ಹಿಂದೆ ಕುಳಿತರು. ಗೋಡೆ ಇಲ್ಲವಾದ್ದರಿಂದ ರಸ್ತೆಗೇ ಹೇಳುತ್ತಿದ್ದರು. “ಹಂಪ್ ಬಂತು.” “ಬಸ್ಸು ನುಗ್ತಾ ಇದೆ.” ರೇಷ್ಮೆ ಸುತ್ತಿದ್ದನ್ನು ನೋಡಿ ಸಿಗ್ನಲ್ಲಿನಲ್ಲಿ ಒಬ್ಬರು ಕೈಮುಗಿದರು.

ಮೊದಲು ಜಯನಗರ ನಾಲ್ಕನೇ ಬ್ಲಾಕಿಗೆ ಹೋದೆವು. ಅಲ್ಲಿಯ ಅಂಗಡಿಯವರು ಪಂಚೆ ಬಿಚ್ಚಿ ನೋಡಿ, ಇದನ್ನು ರಿಪೇರಿ ಮಾಡುವವರೆಲ್ಲ ದೇವರ ಪಾದ ಸೇರಿದ್ದಾರೆ ಎಂದು ಹೇಳಿ, ಒಂದು ಬ್ಲೂಟೂತ್ ಸ್ಪೀಕರ್ ತೋರಿಸಿದರು. ಕಾಫಿ ಲೋಟದಷ್ಟಿತ್ತು. ಸೌಂಡು ಸಖತ್ತಾಗಿದೆ ಎಂದರು. ಅದರಲ್ಲಿ ಎಷ್ಟು ಕಾಫಿ ಹಿಡಿಯುತ್ತದೆ ಎಂದು ಅತ್ತೆ ಅಂಗಡಿಯ ಶಟರನ್ನು ಕೇಳಿದರು. ನಾವು ಹೊರಟೆವು.

ಮಾರನೆಯ ದಿನ ಬನಶಂಕರಿ. ಮಿಕ್ಸಿ, ಟೀವಿ ರಿಪೇರಿಯ ಅಂಗಡಿ. ಆ ಮನುಷ್ಯ ಸೆಟ್ಟನ್ನು ಅಲ್ಲಾಡಿಸಿ, ಕಿವಿಗಿಟ್ಟು ಕೇಳಿ, “ಒಳಗೆ ನೀರೇನಾದ್ರೂ ಬಿತ್ತಾ?” ಎಂದು ಕೇಳಿದ.

“ಇಲ್ಲ,” ಎಂದೆವು ನಾವಿಬ್ಬರೂ, ಒಂದೇ ಉಸಿರಿನಲ್ಲಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ನಾನು ನನ್ನ ಹೆಗಲು ನೋಡಿಕೊಳ್ಳುವ ಗಡಿಬಿಡಿಯಲ್ಲಿ ಪಕ್ಕದ ಹೆಗಲನ್ನು ನೋಡಲಿಲ್ಲ.

ನೀರಲ್ಲದಿದ್ದರೆ ಇಲಿಯೇ ಇರಬೇಕು, ತಂತಿ ಕಡಿದಿದೆ, ಮೊದಲು ಮನೆಯ ಇಲಿ ಹಿಡಿಯಿರಿ, ಆಮೇಲೆ ಬನ್ನಿ ಎಂದು ಅವನು ಕಳಿಸಿಬಿಟ್ಟ. ಬರುವಾಗ ಬೋನು ಕೊಂಡುಕೊಂಡೆ. ಅತ್ತೆ ಅದಕ್ಕೆ ಕೊಬ್ಬರಿ ಚೂರು ಸಿಕ್ಕಿಸಿದರು. ಮನೆಯಲ್ಲಿ ಇಲಿ ಇಲ್ಲ ಎಂದು ನನಗೆ ಗೊತ್ತು. ಆದರೂ ದಿನಾ ಬೆಳಗ್ಗೆ ಬಗ್ಗಿ ನೋಡಿ, “ಇವತ್ತೂ ತಪ್ಪಿಸ್ಕೊಂಡಿದೆ,” ಎಂದು ಗಂಭೀರವಾಗಿ ಹೇಳುತ್ತಿದ್ದೆ. ಅತ್ತೆಯೂ ಬಗ್ಗಿ ನೋಡಿ, ಜಾಣ ಇಲಿ ಎಂದು ಗೋಡೆಗೆ ಹೇಳುತ್ತಿದ್ದರು. ಮೂರನೆಯ ದಿನ ಬೋನಿಗೆ ಸಿಕ್ಕಿದ್ದು ನನ್ನ ಹೆಂಡತಿಯ ದುಪಟ್ಟಾ. ಇಲ್ಲದ ಇಲಿಗೆ ಇಬ್ಬರು ದೊಡ್ಡವರು ಕೊಬ್ಬರಿ ಹಾಕುತ್ತಿದ್ದೀರಲ್ಲ, ನಿಮಗೆ ಏನಾಗಿದೆ ಎಂದು ಅವಳು ಕೂಗಾಡಿ ಬೋನನ್ನು ಅಟ್ಟಕ್ಕೆ ಎಸೆದಳು.

ಆಮೇಲೆ ಬಿಟಿಎಂ ಲೇಔಟಿಗೆ ಹೋದೆವು. ಲ್ಯಾಪ್‌ಟಾಪ್ ರಿಪೇರಿಯ ಅಂಗಡಿ, ಒಳಗೆ ಏಸಿ. ಮೊದಲು ಒಂದು ಫಾರಂ ತುಂಬಿಸಿದರು. ಅದರಲ್ಲಿ ‘ನೀರು ಬಿದ್ದಿದೆಯೇ’ ಎಂಬ ಪ್ರಶ್ನೆಯೂ ಇತ್ತು. ನಾನು ‘ಇಲ್ಲ’ ಎಂಬಲ್ಲಿ ಗುರುತು ಹಾಕಿದೆ. ಅತ್ತೆ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿ ತಲೆಯಾಡಿಸಿದರು. ಹಾಗಾದರೆ ಧೈರ್ಯವಾಗಿ ಹಾಕಿ ನೋಡಬಹುದು ಎಂದು ಆ ಪುಣ್ಯಾತ್ಮ ಪ್ಲಗ್ ಚುಚ್ಚಿದ. ಅಂಗಡಿಯ ಕರೆಂಟು ಹೋಯಿತು. ಪಕ್ಕದ ದೋಸೆ ಹೋಟೆಲಿನದೂ ಹೋಯಿತು, ಗ್ರೈಂಡರು ಅರ್ಧ ರುಬ್ಬಿ ನಿಂತಿತು. ಹೋಟೆಲಿನವರು ಸೌಟು ಹಿಡಿದುಕೊಂಡೇ ಬಂದು, ಇದನ್ನು ಸುಬ್ರಹ್ಮಣ್ಯಪುರದ ಒಬ್ಬ ಹಿರಿಯರ ಹತ್ತಿರ ಒಯ್ಯಿರಿ, ತಮ್ಮ ಹಳೆಯ ಟೇಪ್‌ರೆಕಾರ್ಡರನ್ನು ಅವರೇ ಸರಿಮಾಡಿದ್ದು ಎಂದು ಹೇಳಿ ವಿಳಾಸ ಬರೆದುಕೊಟ್ಟರು. ನಾವು ಅಲ್ಲಿಂದ ಹೊರಡಬೇಕು ಎಂಬುದೇ ಅವರ ಮುಖ್ಯ ಆಸೆಯಾಗಿತ್ತು.

ಸುಬ್ರಹ್ಮಣ್ಯಪುರದಲ್ಲಿ ಮನೆಯ ಹಿಂದೆ ಕಾರು ನಿಲ್ಲಿಸುವ ಜಾಗದಲ್ಲಿ ಆ ಹಿರಿಯರು ಮೇಜು ಹಾಕಿಕೊಂಡಿದ್ದರು. ಫ್ಯಾಕ್ಟರಿಯಿಂದ ನಿವೃತ್ತರಾದವರು, ಕನ್ನಡಕಕ್ಕೆ ದಾರ ಕಟ್ಟಿದ್ದರು. ಸೆಟ್ಟನ್ನು ನೋಡುವ ಮೊದಲು ಮೂಸಿದರು.

“ಪೂಜೆ ಮಾಡಿದ್ರಾ?”

ಹೂವು ಇಟ್ಟೆವು ಅಷ್ಟೇ ಎಂದೆ. ನೀರು ಮಾತ್ರ ಹಾಕಿಲ್ಲ ಎಂದರು ಅತ್ತೆ, ಕೇಳದಿದ್ದರೂ.

ಅವರು ಗೋಡೆಯ ಕಡೆ ಕೈ ತೋರಿಸಿದರು. ಅಲ್ಲಿ ಹಲಗೆಯ ಮೇಲೆ ಒಂದು ಇನ್ವರ್ಟರು, ಎರಡು ಕೀಬೋರ್ಡು, ದಿನಸಿ ಅಂಗಡಿಯ ತಕ್ಕಡಿ ಸಾಲಾಗಿ ಕೂತಿದ್ದವು. ಎಲ್ಲದರ ಹಣೆಯ ಮೇಲೂ ಕುಂಕುಮವಿತ್ತು.

“ಆಯುಧಪೂಜೆ ಆದ್ಮೇಲೆ ಎರಡು ವಾರ ನಂಗೆ ಸೀಸನ್ನು, ಸಾರ್. ಯಾರೂ ನೀರು ಹಾಕಿರಲ್ಲ. ಎಲ್ಲಾರ ಮನೇಲೂ ಇಲಿನೇ.”

ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದರು. ಒಳಗೆಲ್ಲ ಕುಂಕುಮದ ಕೆಂಪು. ಚಿಮಟದಿಂದ ಒಂದು ಒಣಗಿದ ತುಳಸಿ ದಳವನ್ನು ಎತ್ತಿ ಬಿಳಿ ಕಾಗದದ ಮೇಲಿಟ್ಟರು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ.

“ನಾನೇ, ಅತ್ತೆ. ಪಂಚಪಾತ್ರೆ ಪೂರ್ತಿ ಮಗುಚ್ತು. ಹೇಳೋಕೆ ಭಯ ಆಯ್ತು.”

ಅತ್ತೆ ಗೋಡೆಯ ಕಡೆ ತಿರುಗಿದರು. ಬೈದಿದ್ದರೆ ಒಳ್ಳೆಯದಿತ್ತು. ಇದರ ನಡುವೆ ಆ ಹಿರಿಯರು ಮತ್ತೂ ಕೆದಕಿ ಇನ್ನೊಂದು ಎಲೆಯನ್ನು ಎತ್ತಿದರು. ಮಾವಿನ ಎಲೆ. ಅದರ ಹಿಂದೆಯೇ ಒಂದು ಚಿಟಿಕೆ ಅಕ್ಷತೆ. ತುಳಸಿ ನನ್ನದು, ಒಪ್ಪಿಕೊಳ್ಳುತ್ತೇನೆ. ಮಾವಿನ ಎಲೆಯನ್ನು ನಾನು ಅವತ್ತು ಮುಟ್ಟಿರಲೇ ಇಲ್ಲ. ಅದು ಇದ್ದದ್ದು ಅತ್ತೆಯ ಕಳಶದಲ್ಲಿ.

ನಾನು ಅತ್ತೆಯ ಕಡೆ ತಿರುಗಿದೆ. ಅವರು ಗೋಡೆಯ ಕ್ಯಾಲೆಂಡರನ್ನು ನೋಡುತ್ತಿದ್ದರು. ಆಮೇಲೆ ಕ್ಯಾಲೆಂಡರು ಬಿಟ್ಟು ನನ್ನ ಮುಖ ನೋಡಿದರು.

“ನೀವು ಮಂತ್ರ ಅರ್ಧಕ್ಕೆ ಬಿಟ್ಟು ಓಡಿದ್ದು ಅಡುಗೆಮನೆಗೆ ಕೇಳಿಸ್ತು. ಪೂಜೆ ಸರಿಯಾಗಿ ಆಗ್ಲಿಲ್ಲ ಅಂತ ನಾನು ಇನ್ನೊಂದ್ಸಲ ಮಾಡ್ದೆ. ಕಳಶ ಕೈ ಜಾರ್ತು.”

ಅಂಗಡಿ ಅಂಗಡಿಗೂ ಜೊತೆಗೆ ಬಂದದ್ದು ಇದಕ್ಕೇ. ಯಾರಾದರೂ ಮುಚ್ಚಳ ತೆಗೆದು ನನ್ನ ಮುಂದೆ ನಿಜ ಹೇಳಿಬಿಟ್ಟಾರು ಎಂದು ಕಾವಲಿಗೆ ಬಂದಿದ್ದರು. ನನಗೆ ನಗು ತಡೆಯಲಾಗಲಿಲ್ಲ. ಇಲ್ಲದ ಇಲಿಗೆ ಇಬ್ಬರೂ ಸೇರಿ ಬೋನಿಟ್ಟಿದ್ದೆವಲ್ಲ. ನಿಮ್ಮದೇ ಸೆಟ್ಟು, ನನಗೆ ಯಾಕೆ ಹೆದರಬೇಕಿತ್ತು ಎಂದು ನಗುತ್ತಲೇ ಕೇಳಿದೆ.

ಅತ್ತೆ ನಗಲಿಲ್ಲ. “ಸೆಟ್ಟು ಇಲ್ದಿದ್ರೆ ನೀವು ಪೇಪರ್ ಹಿಡ್ಕೊಂಡು ರೂಮಿಗೆ ಹೋಗ್ಬಿಡ್ತೀರಿ. ನಾನೇ ಹಾಳು ಮಾಡ್ದೆ ಅಂತ ಗೊತ್ತಾದ್ರೆ ಕೋಪಕ್ಕೆ ಇನ್ನೂ ಬರಲ್ಲ. ಬೆಳಗ್ಗೆ ನನ್ನ ಜೊತೆ ಕೂರೋಕೆ ಇನ್ಯಾರಿದಾರೆ?”

ಇಪ್ಪತ್ತು ವರ್ಷದಲ್ಲಿ ಅವರು ನನಗೆ ಹೇಳಿದ ಅತಿ ಉದ್ದದ ಮಾತು ಅದು. ನಾನು ಅವರ ಪಕ್ಕ ಕೂರುವುದನ್ನು ಅವರು ಸಹಿಸಿಕೊಳ್ಳುತ್ತಿದ್ದಾರೆ ಎಂದಷ್ಟೇ ನಾನು ತಿಳಿದಿದ್ದೆ. ನಾನು ತುಳಸಿ ದಳವನ್ನು ಎತ್ತಿ ಮಾವಿನ ಎಲೆಯ ಪಕ್ಕ ಇಟ್ಟೆ. ಅತ್ತೆ ಹಿರಿಯರ ಕಡೆ ತಿರುಗಿ, ಯಾರ ನೀರಿನಿಂದ ಕೆಟ್ಟದ್ದು ಎಂದು ಪರೀಕ್ಷೆ ಮಾಡಿ ಹೇಳಬಹುದೇ ಎಂದು ಕೇಳಿದರು.

“ಅಳಿಯ ಅಲ್ಲ, ಮಗಳ ಗಂಡ ಅನ್ನೋ ಹಂಗಾಯ್ತು ನಿಮ್ ಕಥೆ. ಇಬ್ರೂ ಸೇರ್ಕೊಂಡೇ ಮಾಡಿದೀರ, ಬಿಡಿ ಅಮ್ಮ,” ಎಂದರು ಅವರು.

ಒಳಗಿನ ಎರಡು ಭಾಗ ಸುಟ್ಟಿವೆ, ಅಂಥವು ಈಗ ಬರುವುದಿಲ್ಲ, ಇನ್ನೊಂದು ಹಳೆಯ ಸೆಟ್ಟಿನಿಂದ ತೆಗೆದು ಬೆಸುಗೆ ಹಾಕಬೇಕು, ಸಿಕ್ಕಾಗ ಫೋನು ಮಾಡುತ್ತೇನೆ ಎಂದು ಹೇಳಿ ಸೆಟ್ಟನ್ನು ತಕ್ಕಡಿಯ ಪಕ್ಕ ಕೂರಿಸಿದರು.

ಮಾರನೆಯ ಬೆಳಗ್ಗೆ ಏಳಕ್ಕೆ ನಾನು ಪೇಪರ್ ಹಿಡಿದು ಹಾಲಿಗೆ ಬಂದೆ. ಅತ್ತೆ ತಮ್ಮ ಜಾಗದಲ್ಲಿ ಕೂತಿದ್ದರು. ನನ್ನ ಕುರ್ಚಿಯನ್ನು ಆಗಲೇ ಎಳೆದು ಹಾಕಿದ್ದರು. ಎದುರಿಗೆ ಖಾಲಿ ಮೇಜು. ಏನು ಮಾಡುವುದೆಂದು ತೋಚದೆ ನಾನು ಗಂಟಲು ಸರಿಮಾಡಿಕೊಂಡು, ವಾರ್ತೆ ಓದುವವರ ಧ್ವನಿಯಲ್ಲಿ ಪೇಪರನ್ನು ಗಟ್ಟಿಯಾಗಿ ಓದತೊಡಗಿದೆ. ಅತ್ತೆ ಇನ್ನೂ ಜೋರಾಗಿ ಓದಲು ಹೇಳಿದರು. ಮುಖಪುಟ ಮುಗಿಯಿತು, ಒಳಪುಟ ಮುಗಿಯಿತು, ಟೆಂಡರ್ ಪ್ರಕಟಣೆಗಳನ್ನೂ ಓದಿದೆ. ಹವಾಮಾನ ಹೇಳಲಿಲ್ಲವಲ್ಲ ಎಂದರು. ಕಿಟಕಿಯಿಂದ ಬಗ್ಗಿ ನೋಡಿ ಹೇಳಿದೆ.

ಅದೇ ದಿನಚರಿಯಾಯಿತು. ರಾಶಿಭವಿಷ್ಯ ಓದುವುದಿಲ್ಲ, ನಾನು ವಿಜ್ಞಾನದ ಮೇಷ್ಟ್ರು ಎಂದು ಮೊದಲ ಎರಡು ದಿನ ಹಟ ಮಾಡಿದೆ. ಮೂರನೆಯ ದಿನ ಓದಿದೆ. ಅವರ ರಾಶಿಗೆ ಅಳಿಯನಿಂದ ಸೌಖ್ಯ ಎಂದು ನಾನೇ ಸೇರಿಸಿದೆ. ಅದು ಪೇಪರಿನಲ್ಲಿಲ್ಲ ಎಂದು ಅವರಿಗೆ ಗೊತ್ತಾಯಿತು, ಆದರೂ ಇನ್ನೊಂದು ಸಲ ಓದಿಸಿದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ರಾಂಗ್ ನಂಬರು ಕೊಟ್ಟು ಎರಡು ಮದುವೆ ತಪ್ಪಿಸಿದ ಕಥೆಯನ್ನು, ಒಂದು ಮದುವೆ ಮಾಡಿಸಿದ ಕಥೆಯನ್ನು ಅವರು ನಡುನಡುವೆ ಹೇಳುತ್ತಿದ್ದರು. ಎಂಟು ಗಂಟೆ ಎಂಟೂವರೆಯಾಗಿ, ನಾನು ಎರಡು ಸಲ ಕಾಲೇಜಿಗೆ ತಡವಾಗಿ ಹೋದೆ.

ಮೂರು ವಾರವಾಗಿರಬೇಕು. ನಾನು ಸಂಪಾದಕರಿಗೆ ಬಂದ ಪತ್ರವೊಂದನ್ನು ಓದುತ್ತಿದ್ದೆ, ಬೀದಿನಾಯಿಗಳ ಬಗ್ಗೆ ಯಾರೋ ಕೆಂಡ ಕಾರಿದ್ದರು. ನಡುವೆ ಫೋನು ಬಂತು. ಸುಬ್ರಹ್ಮಣ್ಯಪುರದ ಹಿರಿಯರು. ಸೆಟ್ಟು ರೆಡಿಯಾಗಿದೆ, ಹಾಡುತ್ತಾ ಇದೆ, ಈಗಲೇ ಬಂದು ಒಯ್ಯಬಹುದು ಎಂದರು. ನಾನು ಫೋನಿಗೆ ಕೈ ಮುಚ್ಚಿ ಅತ್ತೆಗೆ ಹೇಳಿದೆ.

ಅತ್ತೆ ಖಾಲಿ ಮೇಜಿನ ಕಡೆ ನೋಡಿದರು, ಆಮೇಲೆ ನನ್ನ ಕೈಯಲ್ಲಿದ್ದ ಪೇಪರಿನ ಕಡೆ.

“ಅರ್ಜೆಂಟ್ ಏನಿಲ್ಲ ಅನ್ನಿ,” ಎಂದರು. “ನಾಯಿ ಕಥೆ ಎಲ್ಲಿಗೆ ಬಂದಿತ್ತು?”

ಮುಂದಿನ ವಾರ ಬರುತ್ತೇವೆ ಎಂದು ಫೋನಿಗೆ ಹೇಳಿ, ಪತ್ರವನ್ನು ಮೊದಲಿನಿಂದ ಓದಿದೆ.